ಮನೆಮಂದಿ ಕಟ್ಟಿದ ಶಾಖೆಗಳು

ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಊರು ಮತ್ತು ಬಡಾವಣೆಗಳಲ್ಲಿ ಸ್ಥಳೀಯ ಗುಂಪುಗಳ ಮೂಲಕ ಕೆಲಸ ಮಾಡುತ್ತಿರುವ ‘ರೀಥಿಂಕ್ ಮೆಂಟಲ್ ಇಲ್‌ನೆಸ್’ ಎಂಬ ದತ್ತಿ ಸಂಸ್ಥೆಯು ವೈದ್ಯರಿಂದಾಗಲಿ ಸರ್ಕಾರದಿಂದಾಗಲಿ ಹುಟ್ಟಿದ್ದಲ್ಲ. ಅದರ ಮೂಲ 1970ರ ಮೇ 9ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ತಂದೆಯೊಬ್ಬರು ಹೆಸರು ಹಾಕದೆ ಬರೆದ ಲೇಖನ. ಅದನ್ನು ಬರೆದ ಜಾನ್ ಪ್ರಿಂಗಲ್ ಅವರ ಮಗನಿಗೆ ಸ್ಕಿಜೋಫ್ರೇನಿಯಾ ಇತ್ತು. ಇಲ್ಲದ ದನಿಗಳು ಕೇಳಿಸುವುದು, ತನ್ನ ವಿರುದ್ಧ ಯಾರೋ ಸಂಚು ಹೂಡಿದ್ದಾರೆಂಬ ನಂಬಿಕೆ ಬೇರೂರುವುದು, ಯೋಚನೆ ಮತ್ತು ಮಾತಿನ ಎಳೆ ತಪ್ಪುವುದು, ಉತ್ಸಾಹವೂ ಒಡನಾಟವೂ ಕ್ರಮೇಣ ಬತ್ತಿಹೋಗುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಾಗಿದ್ದು, ಓದು ಮುಗಿಸಿ ಕೆಲಸ ಹಿಡಿಯಬೇಕಾದ ಹರೆಯದಲ್ಲಿಯೇ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಆ ಲೇಖನ ಅಷ್ಟೊಂದು ಮನೆಗಳನ್ನು ಏಕೆ ತಟ್ಟಿತೆಂಬುದು ಅಂದಿನ ಪರಿಸ್ಥಿತಿಯನ್ನು ನೋಡಿದರೆ ತಿಳಿಯುತ್ತದೆ. 1950ರ ದಶಕದ ನಡುವಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು ಒಂದೂವರೆ ಲಕ್ಷ ರೋಗಿಗಳಿದ್ದರು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಬಳಕೆಗೆ ತಂದ ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಭ್ರಮೆ ಮತ್ತು ಉದ್ರೇಕಗಳನ್ನು ತಗ್ಗಿಸತೊಡಗಿದ ಮೇಲೆ ಇವರನ್ನು ಮನೆಗೆ ಕಳುಹಿಸುವುದು ಸಾಧ್ಯವೆನಿಸಿತು. 1961ರಲ್ಲಿ ಆರೋಗ್ಯ ಸಚಿವ ಇನಾಕ್ ಪೊವೆಲ್ ಅವರು ಹಳೆಯ ಆಸ್ಪತ್ರೆಗಳನ್ನು ಮುಚ್ಚುವ ಸಂಕಲ್ಪವನ್ನು ಸಾರಿದರು. ಆದರೆ ಬಿಡುಗಡೆಯಾದವರು ಹೋಗಿ ಸೇರಿದ್ದು ‘ಸಮುದಾಯ’ ಎಂಬ ಸರ್ಕಾರಿ ಮಾತಿನೊಳಕ್ಕಲ್ಲ, ಅಪ್ಪ ಅಮ್ಮ ಇದ್ದ ಎರಡು ಮೂರು ಕೋಣೆಗಳ ಮನೆಗೆ. ವಿಚಿತ್ರವೆಂದರೆ ಇದೇ ಕಾಲದಲ್ಲಿ ಕಾಯಿಲೆಗೆ ಕಾರಣ ತಾಯಿಯ ವರ್ತನೆಯೇ ಎಂಬ ವಾದ ಬಲವಾಗಿತ್ತು. ಅಮೆರಿಕದಲ್ಲಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ 1948ರಲ್ಲಿಯೇ ಈ ವಾದಕ್ಕೆ ದಾರಿ ಮಾಡಿಕೊಟ್ಟಿದ್ದರು, ಬ್ರಿಟನ್ನಿನಲ್ಲಿ ಮನೋವೈದ್ಯ ಆರ್. ಡಿ. ಲೇಂಗ್ ಅವರ ಬರಹಗಳು ಕುಟುಂಬವನ್ನು ಕಟಕಟೆಯಲ್ಲಿ ನಿಲ್ಲಿಸಿದ್ದವು. ಹೀಗೆ ತಪ್ಪಿತಸ್ಥರೆಂದು ಯಾರನ್ನು ಬೊಟ್ಟುಮಾಡಿ ತೋರಿಸಲಾಗಿತ್ತೋ ಅವರಿಗೇ ರೋಗಿಯನ್ನು ಒಪ್ಪಿಸಲಾಯಿತು, ಅದೂ ನೋಡಿಕೊಳ್ಳುವ ಬಗೆಯನ್ನು ಹೇಳಿಕೊಡದೆ.

ಲೇಖನಕ್ಕೆ ಅಂಥದೇ ಕಷ್ಟದಲ್ಲಿದ್ದ ಮನೆಗಳಿಂದ ಪತ್ರಗಳು ಬಂದವು, ಪತ್ರ ಬರೆದವರು ಒಂದೆಡೆ ಸೇರಿದರು, 1972ರಲ್ಲಿ ‘ನ್ಯಾಷನಲ್ ಸ್ಕಿಜೋಫ್ರೇನಿಯಾ ಫೆಲೋಶಿಪ್’ ರೂಪುಗೊಂಡಿತು. ಲಂಡನ್ನಿನ ನೈಋತ್ಯದ ಉಪನಗರವಾದ ಸರ್ಬಿಟನ್ನಿನಲ್ಲಿ ಅದರ ಕಚೇರಿಯಿದ್ದರೂ ಸಂಸ್ಥೆಯ ಜೀವವಿದ್ದದ್ದು ಶಾಖೆಗಳಲ್ಲಿ. ಸ್ಕಾಟ್ಲೆಂಡಿನ ಶಾಖೆಗಳು ಮುಂದೆ ಬೇರೆಯಾಗಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡವು.

ಶಾಖೆಯೆಂದರೆ ಚಿಕಿತ್ಸಾಲಯವಲ್ಲ. ತಿಂಗಳಿಗೊಮ್ಮೆ ಸಂಜೆ ಚರ್ಚಿನ ಸಭಾಂಗಣದಲ್ಲಿಯೋ ಗ್ರಂಥಾಲಯದ ಕೋಣೆಯಲ್ಲಿಯೋ ಕುರ್ಚಿಗಳನ್ನು ದುಂಡಗೆ ಜೋಡಿಸಿಕೊಂಡು, ಚಹಾ ಕುಡಿಯುತ್ತ, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬ ಒಪ್ಪಂದದ ಮೇಲೆ ಕೂರುವ ಕೂಟ ಅದು. ನಡೆಸುವವರು ಸಾಮಾನ್ಯವಾಗಿ ಒಬ್ಬ ತಾಯಿ, ಅಕ್ಕ ಅಥವಾ ಕಾಯಿಲೆಯನ್ನು ಸ್ವತಃ ಕಂಡುಂಡವರು. ಭತ್ಯೆಯ ಅರ್ಜಿ ತುಂಬುವುದು, ಮಾತ್ರೆಯಿಂದ ಮೈ ದಪ್ಪವಾದಾಗ ವೈದ್ಯರನ್ನು ಏನು ಕೇಳಬೇಕೆಂಬುದು ಇಂಥಲ್ಲಿ ಚರ್ಚೆಗೆ ಬರುತ್ತವೆ. ಕಾನೂನಿನ ತೊಡಕುಗಳೂ ಬರುತ್ತವೆ. ಉದಾಹರಣೆಗೆ, 1983ರ ಮಾನಸಿಕ ಆರೋಗ್ಯ ಕಾಯ್ದೆಯು ‘ಅತಿ ಹತ್ತಿರದ ಸಂಬಂಧಿ’ ಎಂಬ ಸ್ಥಾನವನ್ನು ಗುರುತಿಸಿ, ಆ ವ್ಯಕ್ತಿಗೆ 72 ಗಂಟೆಗಳ ನೋಟಿಸು ಕೊಟ್ಟು ರೋಗಿಯ ಬಿಡುಗಡೆಗೆ ಆದೇಶಿಸುವ ಹಕ್ಕನ್ನು ಕೊಟ್ಟಿತು. ಅಪಾಯವಿದೆಯೆಂದು ಕಂಡರೆ ವೈದ್ಯರು ಅದನ್ನು ತಡೆಯಬಹುದು. ಇಂಥ ಹಕ್ಕೊಂದು ತಮಗಿದೆಯೆಂದು ಪುಸ್ತಕದಿಂದ ತಿಳಿದವರಿಗಿಂತ ಪಕ್ಕದ ಕುರ್ಚಿಯವರಿಂದ ತಿಳಿದವರೇ ಹೆಚ್ಚಿರಬೇಕು.

ಫೆಲೋಶಿಪ್ಪಿನ ನಿಜವಾದ ಕೊಡುಗೆ ಈ ಮನೆಜ್ಞಾನವನ್ನು ಜ್ಞಾನವೆಂದು ಗುರುತಿಸಿದ್ದು. ಲಂಡನ್ನಿನ ಸಾಮಾಜಿಕ ಮನೋವೈದ್ಯ ಜಾನ್ ವಿಂಗ್ ಮತ್ತು ಅವರ ಸಹೋದ್ಯೋಗಿ ಕ್ಲೇರ್ ಕ್ರೀರ್ ಅವರು ರೋಗಿಗಳ ಬಂಧುಗಳನ್ನು ಮಾತನಾಡಿಸಿ ಬರೆದ ‘ಸ್ಕಿಜೋಫ್ರೇನಿಯಾ ಅಟ್ ಹೋಮ್’ ಎಂಬ ವರದಿ 1974ರಲ್ಲಿ ಹೊರಬಂತು. ಹೊರಗಿನವರು ಹೆದರುವುದು ಕೂಗಾಟ ರಂಪಾಟಗಳಿಗೆ. ಮನೆಯವರನ್ನು ಹಣ್ಣು ಮಾಡುವುದು ಮೌನ. ಹಗಲಿಡೀ ಕೋಣೆಯಿಂದ ಹೊರಬಾರದ, ಕೇಳಿದ್ದಕ್ಕೆ ಉತ್ತರಿಸದ, ರಾತ್ರಿಯೆಲ್ಲ ಎದ್ದಿದ್ದು ಮಧ್ಯಾಹ್ನದವರೆಗೆ ಮಲಗುವ, ಸ್ನಾನವನ್ನೇ ಮರೆತ ಮಗನೊಡನೆ ವರ್ಷಗಟ್ಟಲೆ ಬಾಳುವುದು ಹೇಗೆಂಬುದು ಆಸ್ಪತ್ರೆಯ ಕಡತಗಳಲ್ಲಿರಲಿಲ್ಲ. ಕೇಳುವ ದನಿ ಸುಳ್ಳೆಂದು ವಾದಕ್ಕಿಳಿಯಬಾರದು, ನಿಜವೆಂದು ತಲೆಯಾಡಿಸಲೂಬಾರದು. ಅವನು ತಾನಾಗಿ ಕೋಣೆಗೆ ಹೋದರೆ ಬಾಗಿಲು ಬಡಿಯಬಾರದು, ಹಾಗೆಂದು ಪೂರ್ತಿ ಬಿಟ್ಟುಬಿಡಲೂಬಾರದು ಎಂಬ ಹದವನ್ನು ಬಂಧುಗಳು ಎಡವಿ ಎಡವಿ ತಾವೇ ಕಂಡುಕೊಂಡಿದ್ದರು.

ಈ ಹದಕ್ಕೆ ಸಂಶೋಧನೆಯ ಬೆಂಬಲವೂ ದೊರೆಯಿತು, ಆದರೆ ಅದು ಎರಡಲಗಿನದಾಗಿತ್ತು. ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ 1950ರ ದಶಕದಲ್ಲಿ ಆರಂಭಿಸಿದ ಅಧ್ಯಯನಗಳ ಜಾಡಿನಲ್ಲಿ, 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಅವರು, ಟೀಕೆ, ಹಗೆತನ ಮತ್ತು ಅತಿಯಾದ ಭಾವನಾತ್ಮಕ ತೊಡಗುವಿಕೆ ತುಂಬಿದ ಮನೆಯಲ್ಲಿ ವಾರಕ್ಕೆ 35 ಗಂಟೆಗಳಿಗಿಂತ ಹೆಚ್ಚು ಕಾಲ ಮುಖಾಮುಖಿಯಾಗಿ ಕಳೆಯುವ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂದು ತೋರಿಸಿದರು. ಮನೆಯ ಈ ಬಿಸುಪನ್ನು ‘ವ್ಯಕ್ತ ಭಾವೋದ್ವೇಗ’ ಎನ್ನಬಹುದು; ಅದು ಕಾಯಿಲೆಯನ್ನು ಹುಟ್ಟಿಸುತ್ತದೆಂದು ಅವರು ಹೇಳಲಿಲ್ಲ. ಆದರೂ ಹಳೆಯ ದೂರೇ ಹೊಸ ವೇಷದಲ್ಲಿ ಬಂತೆಂದು ಪೋಷಕರಿಗೆ ಅನ್ನಿಸಿದ್ದರೆ ಅಚ್ಚರಿಯಿಲ್ಲ, ಏಕೆಂದರೆ ಹಗಲು ಕೇಂದ್ರವೂ ಇಲ್ಲದ, ಕೆಲಸವೂ ಇಲ್ಲದ ಮಗನೊಡನೆ ಕಳೆಯುವ ಕಾಲವನ್ನು ಆ 35 ಗಂಟೆಗಳೊಳಗೆ ಇಡಲು ತಾಯಿ ಎಲ್ಲಿಗೆ ಹೋಗಬೇಕೆಂಬುದಕ್ಕೆ ಅಂಕಿಅಂಶಗಳಲ್ಲಿ ಉತ್ತರವಿರಲಿಲ್ಲ. ಲೆಫ್ ಅವರೇ ಮುಂದೆ ಮನೋವೈದ್ಯ ಎನ್. ಎನ್. ವಿಗ್ ಮೊದಲಾದವರೊಡನೆ ಚಂಡೀಗಢದಲ್ಲಿ ನಡೆಸಿದ ಅಧ್ಯಯನದಲ್ಲಿ ಭಾರತೀಯ ಕುಟುಂಬಗಳಲ್ಲಿ ಟೀಕೆಯ ಮಟ್ಟ ಲಂಡನ್ನಿಗಿಂತ ಕಡಿಮೆಯೆಂದು ಕಂಡುಬಂದದ್ದು ಉಲ್ಲೇಖಾರ್ಹ.

2002ರಲ್ಲಿ ಸಂಸ್ಥೆಯು ‘ರೀಥಿಂಕ್’ ಆಯಿತು, 2011ರಲ್ಲಿ ಈಗಿನ ಹೆಸರನ್ನು ಪಡೆಯಿತು. ಎಲ್ಲ ತೀವ್ರ ಮಾನಸಿಕ ಕಾಯಿಲೆಗಳನ್ನೂ ಒಳಗೊಳ್ಳುವ ಉದ್ದೇಶ ಸಮರ್ಥನೀಯವೇ. ಆದರೂ ಜನ ಉಚ್ಚರಿಸಲು ಅಂಜುವ ಕಾಯಿಲೆಯನ್ನೇ ಹೆಸರಾಗಿ ಹೊತ್ತು ನಿಂತ ಹಳೆಯ ಬೋರ್ಡಿನ ಧೈರ್ಯ ಹೊಸದರಲ್ಲಿಲ್ಲ. ಸಂಸ್ಥೆಯೇ ನೇಮಿಸಿದ, ಮನೋವೈದ್ಯ ಸರ್ ರಾಬಿನ್ ಮರ್ರೆ ಅಧ್ಯಕ್ಷತೆಯ ಆಯೋಗವು 2012ರಲ್ಲಿ ಸ್ಕಿಜೋಫ್ರೇನಿಯಾವನ್ನು ಕೈಬಿಟ್ಟ ಕಾಯಿಲೆ ಎಂದು ಕರೆಯಿತು. ಆಸ್ಪತ್ರೆಗಳು ಮುಚ್ಚಿದವು, ಅವುಗಳ ಜಾಗದಲ್ಲಿ ಬರಬೇಕಾಗಿದ್ದ ಸೇವೆಗಳು ಅರ್ಧಂಬರ್ಧ ಬಂದವು, ಉಳಿದರ್ಧವನ್ನು ಕುಟುಂಬ ಹೊತ್ತಿತು. ಗುಂಪುಗಳಲ್ಲಿ ವಯಸ್ಸಾದ ತಂದೆತಾಯಿಯರನ್ನು ಕಾಡುವುದು ತಮ್ಮ ನಂತರ ಯಾರೆಂಬ ಪ್ರಶ್ನೆ; ಟ್ರಸ್ಟು ಮತ್ತು ಉಯಿಲುಗಳು ಹಣದ ಮಟ್ಟಿಗೆ ಅದಕ್ಕೆ ಉತ್ತರ ಕೊಡುತ್ತವೆ.

ಕರ್ನಾಟಕದಲ್ಲಿ ಈ ಕಥೆ ಬೇರೆ ದಾರಿ ಹಿಡಿದಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುವ ವ್ಯವಸ್ಥೆಯಿದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿ, ಮಾತ್ರೆಯನ್ನು ತಾಲ್ಲೂಕಿನವರೆಗೆ ತಲುಪಿಸಿತು. ಬೆಂಗಳೂರಿನಲ್ಲಿ ಕುಟುಂಬಗಳೇ ಕಟ್ಟಿಕೊಂಡ ಸಂಘಟನೆಗಳೂ ಇವೆ. ಆದರೆ ಹಳ್ಳಿ, ಹೋಬಳಿಗಳಲ್ಲಿ ಅಂಥ ಕೂಟಗಳು ವಿರಳ. ಅದಕ್ಕೆ ಬೇಕಾದದ್ದು ಪಂಚಾಯತಿಯ ಒಂದು ಕೊಠಡಿ, ತಿಂಗಳಲ್ಲೊಂದು ಸಂಜೆ ಮತ್ತು ಮೊದಲು ಕರೆಯುವ ಒಬ್ಬರು. ಕಷ್ಟವಿರುವುದು ಕೊನೆಯದರಲ್ಲಿ, ಏಕೆಂದರೆ ಕರೆದವರ ಮನೆಯ ವಿಷಯ ಮರುದಿನವೇ ಊರಿಗೆಲ್ಲ ಗೊತ್ತಾಗುತ್ತದೆ, ಆ ಮನೆಯಲ್ಲಿ ಮದುವೆಗೆ ಬಂದ ಇನ್ನೊಬ್ಬ ಮಗಳಿದ್ದರಂತೂ ಯಾವ ತಂದೆಯೂ ಮುಂದೆ ಬರಲಾರ.