ಸ್ನೂಕರ್: ಕುರ್ಚಿಯಲ್ಲಿ ಕೂತವನ ಕಷ್ಟ



ಕಬಡ್ಡಿ ಆಡುವಾಗ ಭಯವಾದರೆ ಏನು ಮಾಡುತ್ತೇವೆ? ಉಸಿರು ಬಿಗಿಹಿಡಿದು, ಜೋರಾಗಿ ಕಬಡ್ಡಿ ಕಬಡ್ಡಿ ಅಂತ ನುಗ್ಗುತ್ತೇವೆ. ಖೋ-ಖೋದಲ್ಲಾದರೆ ಓಡುತ್ತೇವೆ. ಓಡಿ, ಕೂಗಿ, ಬೆವರು ಸುರಿಸಿದಾಗ ಭಯವೂ ಅರ್ಧ ಇಳಿದುಹೋಗುತ್ತದೆ. ಆದರೆ ಓಡುವಂತಿಲ್ಲದ, ಕೂಗುವಂತಿಲ್ಲದ, ಎದುರಾಳಿ ಆಡುತ್ತಿದ್ದರೆ ಸುಮ್ಮನೆ ಕೂತು ನೋಡಬೇಕಾದ ಒಂದು ಆಟ ಇದೆ. ಅದೇ ಸ್ನೂಕರ್. ಈ ಆಟವನ್ನೇ ಕಸುಬು ಮಾಡಿಕೊಂಡವರು ಎಂಥೆಂಥ ಮನೆಗಳಿಂದ ಬಂದವರು, ಮನಸ್ಸಿನ ಒತ್ತಡವನ್ನು ಹೇಗೆ ತಡೆದುಕೊಳ್ಳುತ್ತಾರೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಆಟದ ಪರಿಚಯ

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ ಎಂದರೆ ಆಶ್ಚರ್ಯವಾಗಬಹುದು. 1875ರಲ್ಲಿ ಜಬಲ್ಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದನ್ನು ಶುರು ಮಾಡಿದ. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ.) ನಂತರ ಇದರ ನಿಯಮಗಳು ಗಟ್ಟಿಯಾದದ್ದು ಊಟಿಯ ಕ್ಲಬ್ಬಿನಲ್ಲಿ. ನಮ್ಮ ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ಹೋದರೆ ಸಿಗುವ ಅದೇ ಊಟಿ!

ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜು. ಮೇಲೆ ಹಸಿರು ಬಟ್ಟೆ. ಕೇರಂ ಬೋರ್ಡಿಗೆ 4 ಪಾಕೆಟ್ ಇದ್ದರೆ ಇದಕ್ಕೆ 6. ಕ್ಯೂ ಎಂಬ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಪಾಕೆಟ್ಟಿಗೆ ಬೀಳಿಸಬೇಕು. ಕೆಂಪು ಚೆಂಡು 15. ಪ್ರತಿ ಕೆಂಪಿಗೂ 1 ಅಂಕ. ಒಂದು ಕೆಂಪು ಬಿದ್ದ ಮೇಲೆ ಒಂದು ಬಣ್ಣದ ಚೆಂಡು ಹಾಕಬಹುದು. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಕೆಂಪು ಮುಗಿಯುವ ತನಕ ಬಣ್ಣದ ಚೆಂಡನ್ನು ಮತ್ತೆ ಎತ್ತಿ ಮೇಜಿನ ಮೇಲೆ ಇಡುತ್ತಾರೆ. ಈಗ ಒಂದು ಲೆಕ್ಕ ಮಾಡಿ ನೋಡಿ. 15 ಕೆಂಪು, ಪ್ರತಿಯೊಂದರ ಜೊತೆ ಒಂದು ಕಪ್ಪು: 15 x 8 = 120. ಕೊನೆಗೆ ಉಳಿದ ಆರು ಬಣ್ಣ: 27. ಒಟ್ಟು 147. ಒಬ್ಬನೇ ತಪ್ಪದೆ ಇಷ್ಟನ್ನೂ ಹೊಡೆದರೆ ಅದೇ ದೊಡ್ಡ ಸಾಧನೆ.

ಕಷ್ಟ ಇರುವುದು ಇಲ್ಲೇ. ಒಬ್ಬ ಆಟಗಾರ ತಪ್ಪು ಮಾಡದೆ ಹೊಡೆಯುತ್ತಾ ಹೋದರೆ ಇನ್ನೊಬ್ಬನಿಗೆ ಆಡಲು ಅವಕಾಶವೇ ಇಲ್ಲ. ಮೂಲೆಯ ಕುರ್ಚಿಯಲ್ಲಿ ನೀರು ಕುಡಿಯುತ್ತಾ ಕೂತಿರಬೇಕು. ಕ್ರಿಕೆಟಿನಲ್ಲಿ ಎದುರಾಳಿ ಬ್ಯಾಟ್ ಮಾಡುವಾಗ ಬೌಲಿಂಗ್, ಫೀಲ್ಡಿಂಗ್ ಏನಾದರೂ ಮಾಡಬಹುದು. ಇಲ್ಲಿ ಅದೂ ಇಲ್ಲ. ತನ್ನ ಸೋಲನ್ನು ತಾನೇ ಪ್ರೇಕ್ಷಕನ ಹಾಗೆ ನೋಡಬೇಕು. ಆಮೇಲೆ ಅವನು ಒಂದು ತಪ್ಪು ಮಾಡಿದ ಕೂಡಲೇ ಎದ್ದು ಹೋಗಿ, ಕೈ ನಡುಗದಂತೆ ಹೊಡೆಯಬೇಕು. ಕೇರಂನಲ್ಲಿ ರೆಡ್ ಹಾಕಿ ಫಾಲೋ ಹಾಕಬೇಕಾದಾಗ ನಮ್ಮ ಬೆರಳು ಹೇಗೆ ಗಟ್ಟಿಯಾಗುತ್ತದೆ ಅಂತ ನೆನಪು ಮಾಡಿಕೊಳ್ಳಿ. ಅದರ ನೂರು ಪಟ್ಟು!

ಒಂದೇ ಒಂದು ಕಪ್ಪು ಚೆಂಡು

ವಿಶ್ವ ಚಾಂಪಿಯನ್‌ಶಿಪ್ 1977ರಿಂದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕ್ರೂಸಿಬಲ್ ಎಂಬ ನಾಟಕಶಾಲೆಯಲ್ಲಿ ನಡೆಯುತ್ತಿದೆ. 17 ದಿನಗಳ ಪಂದ್ಯಾವಳಿ. ಫೈನಲ್ಲಿನಲ್ಲಿ ಯಾರು ಮೊದಲು 18 ಫ್ರೇಮ್ ಗೆಲ್ಲುತ್ತಾರೋ ಅವರೇ ಚಾಂಪಿಯನ್. ಫ್ರೇಮ್ ಅಂದರೆ ಒಂದು ಸುತ್ತಿನ ಆಟ.

1985ರ ಫೈನಲ್ಲಿನಲ್ಲಿ ಲಂಡನ್ನಿನ ಸ್ಟೀವ್ ಡೇವಿಸ್ 8-0 ಮುಂದಿದ್ದ. ಎದುರಾಳಿ ಉತ್ತರ ಐರ್ಲೆಂಡಿನ ಡೆನ್ನಿಸ್ ಟೇಲರ್, ದೊಡ್ಡ ಕನ್ನಡಕದ ಮನುಷ್ಯ. ಎಲ್ಲರೂ ಆಟ ಮುಗೀತು ಅಂದುಕೊಂಡರು. ಟೇಲರ್ ಒಂದೊಂದೇ ಫ್ರೇಮ್ ಗೆಲ್ಲುತ್ತಾ ಬಂದು 17-17 ಮಾಡಿದ. ಕೊನೆಯ ಫ್ರೇಮ್ ಒಂದು ಗಂಟೆಗೂ ಹೆಚ್ಚು ಹೊತ್ತು ಎಳೆಯಿತು. ಮಧ್ಯರಾತ್ರಿ ದಾಟಿತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಒಂದೇ ಕಪ್ಪು ಚೆಂಡು. ಅದನ್ನು ಹಾಕಿದವನೇ ವಿಶ್ವ ಚಾಂಪಿಯನ್! ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ನಿದ್ದೆ ಬಿಟ್ಟು ಟಿ.ವಿ. ಮುಂದೆ ಕೂತಿದ್ದರು. ಇಬ್ಬರೂ ಆ ಕಪ್ಪು ಚೆಂಡಿಗೆ ಹೊಡೆದು ತಪ್ಪಿದರು. ಡೇವಿಸ್‌ಗೆ ಒಂದು ಒಳ್ಳೆ ಅವಕಾಶ ಸಿಕ್ಕಿತು. ಬೇರೆ ದಿನವಾಗಿದ್ದರೆ ಅವನು ಹಾಕಿಬಿಡುತ್ತಿದ್ದ. ಆ ರಾತ್ರಿ ಬಿಳಿ ಚೆಂಡು ತೀರಾ ಅಂಚಿಗೆ ತಗುಲಿ, ಕಪ್ಪು ಪಾಕೆಟ್ಟಿನ ಪಕ್ಕಕ್ಕೆ ಸರಿಯಿತು. ಟೇಲರ್ ಹಾಕಿದ. ಇಡೀ ಫೈನಲ್ಲಿನಲ್ಲಿ ಅವನು ಮುಂದೆ ಬಂದದ್ದು ಆ ಒಂದು ಚೆಂಡಿನಿಂದ ಮಾತ್ರ.

ಡೇವಿಸ್ ಏನಾದ? ಮರುವರ್ಷ ಮತ್ತೆ ಫೈನಲ್ಲಿಗೆ ಬಂದು ಮತ್ತೆ ಸೋತ. ಈ ಸಲ ಯಾರೂ ಲೆಕ್ಕಕ್ಕೆ ಇಟ್ಟಿರದ ಜೋ ಜಾನ್ಸನ್ ಎಂಬಾತನ ಕೈಲಿ. ಆದರೂ ಅಭ್ಯಾಸ ಬಿಡಲಿಲ್ಲ. 1987, 1988, 1989, ಸತತ ಮೂರು ವರ್ಷ ಅವನೇ ಚಾಂಪಿಯನ್. ಒಂದು ರಾತ್ರಿಯ ಸೋಲು ಮನುಷ್ಯನ ಪೂರ್ತಿ ಲೆಕ್ಕ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಯಾರ ಮನೆ ಹೇಗಿತ್ತು?

ಸ್ನೂಕರ್ ಆಡುವವರು ಕರಿ ಕೋಟು, ಬೋ ಟೈ ಹಾಕಿಕೊಂಡಿರುವುದನ್ನು ನೋಡಿದರೆ ಎಲ್ಲರೂ ಸಾಹುಕಾರರ ಮಕ್ಕಳು ಅನ್ನಿಸುತ್ತದೆ. ನಿಜ ಹಾಗಿಲ್ಲ.

ರೇ ರಿಯರ್ಡನ್ ವೇಲ್ಸ್ ದೇಶದವನು. 14ನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದ. 1957ರಲ್ಲಿ ಗಣಿಯ ಚಾವಣಿ ಕುಸಿದು ಮೂರು ಗಂಟೆ ಮಣ್ಣಿನಡಿ ಸಿಕ್ಕಿಬಿದ್ದ. ಕೈಕಾಲು ಅಲ್ಲಾಡಿಸುವಂತಿರಲಿಲ್ಲ. ಆಗ ತಲೆ ಕೆಡದಿರಲಿ ಅಂತ ಅವನು ಏನು ಮಾಡಿದ ಗೊತ್ತೇ? ಮನಸ್ಸಿನಲ್ಲೇ ತನ್ನ ತಮ್ಮನ ಜೊತೆ ಗೋಲಿ ಆಡುತ್ತಾ ಇದ್ದನಂತೆ! ಬದುಕಿ ಬಂದ ಮೇಲೆ ಗಣಿ ಬಿಟ್ಟು ಪೊಲೀಸ್ ಆದ. 1967ರಲ್ಲಿ ಸ್ನೂಕರನ್ನೇ ಕಸುಬು ಮಾಡಿಕೊಂಡ. ಆರು ಸಲ ವಿಶ್ವ ಚಾಂಪಿಯನ್ ಆದ. 2024ರಲ್ಲಿ ತೀರಿಕೊಂಡ. ಮಣ್ಣಿನಡಿ ಮೂರು ಗಂಟೆ ಅಲ್ಲಾಡದೆ ಇದ್ದವನಿಗೆ ಕುರ್ಚಿಯಲ್ಲಿ ಕೂರುವುದು ಏನು ಮಹಾ!

ಮಾರ್ಕ್ ಸೆಲ್ಬಿ ಇಂಗ್ಲೆಂಡಿನ ಲೆಸ್ಟರ್ ಊರಿನವನು. ಎಂಟು ವರ್ಷದವನಿದ್ದಾಗ ತಾಯಿ ಮನೆ ಬಿಟ್ಟು ಹೋದರು. 16 ವರ್ಷಕ್ಕೆ ತಂದೆ ಕ್ಯಾನ್ಸರಿನಿಂದ ಹೋದರು. ಊರಿನ ಸ್ನೂಕರ್ ಕ್ಲಬ್ಬಿನವರು ದುಡ್ಡು ತೆಗೆದುಕೊಳ್ಳದೆ ಆಡಲು ಬಿಟ್ಟರು. ಮುಂದೆ ಅವನು 2014ರ ಫೈನಲ್ಲಿನಲ್ಲಿ 5-10 ಹಿಂದಿದ್ದು, 18-14ರಿಂದ ಗೆದ್ದ. ಒಟ್ಟು ನಾಲ್ಕು ಸಲ ವಿಶ್ವ ಚಾಂಪಿಯನ್.

ರಾನಿ ಓಸಲಿವನ್‌ಗೆ 16 ವರ್ಷ ಆಗಿದ್ದಾಗ ತಂದೆಗೆ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೆಲವು ವರ್ಷದ ಮೇಲೆ ತೆರಿಗೆ ಕೇಸಿನಲ್ಲಿ ತಾಯಿಯೂ ಜೈಲು ಸೇರಿದರು. ಚಿಕ್ಕ ತಂಗಿಯ ಜವಾಬ್ದಾರಿಯೂ ಬಿತ್ತು. ಇಷ್ಟರ ನಡುವೆ 1993ರಲ್ಲಿ, 18 ತುಂಬುವ ಮೊದಲೇ, ಯು.ಕೆ. ಚಾಂಪಿಯನ್‌ಶಿಪ್ ಗೆದ್ದ. 1997ರಲ್ಲಿ ಐದು ನಿಮಿಷ ಚಿಲ್ಲರೆ ಸಮಯದಲ್ಲಿ 147 ಅಂಕ ಹೊಡೆದ. ಏಳು ಸಲ ವಿಶ್ವ ಚಾಂಪಿಯನ್.

ಚೀನಾದ ಡಿಂಗ್ ಜುನ್‌ಹುಯಿಗಾಗಿ ಅವನ ಮನೆಯವರು ಇದ್ದ ಮನೆಯನ್ನೇ ಮಾರಿ, ಅಭ್ಯಾಸಕ್ಕೆ ಅನುಕೂಲವಾಗಲಿ ಅಂತ ಬೇರೆ ಊರಿಗೆ ಹೋದರು. ಮನೆ ಮಾರಿದ ಭಾರ ಮಗನ ಹೆಗಲ ಮೇಲೆ ಹೇಗೆ ಕೂತಿರಬೇಕು, ಯೋಚಿಸಿ. ಅವನು 18ನೇ ವಯಸ್ಸಿಗೇ, 2005ರಲ್ಲಿ, ಸ್ಟೀಫನ್ ಹೆಂಡ್ರಿಯಂಥ ಘಟಾನುಘಟಿಯನ್ನು ಸೋಲಿಸಿ ಚೀನಾ ಓಪನ್ ಗೆದ್ದ.

ಒತ್ತಡವನ್ನು ತಡೆಯುವ ಬಗೆಗಳು

1. ಪ್ರತಿ ಸಲ ಒಂದೇ ಕ್ರಮ. ಒಳ್ಳೆ ಆಟಗಾರರನ್ನು ಗಮನಿಸಿ ನೋಡಿ. ಚೆಂಡಿನ ಹಿಂದೆ ನಿಂತು ಗೆರೆ ನೋಡುತ್ತಾರೆ. ಕ್ಯೂ ತುದಿಗೆ ಸೀಮೆಸುಣ್ಣದಂಥ ಚಾಕ್ ಉಜ್ಜುತ್ತಾರೆ. ಬಗ್ಗುತ್ತಾರೆ, ಗಲ್ಲವನ್ನು ಕ್ಯೂಗೆ ತಾಗಿಸುತ್ತಾರೆ. ಎರಡು ಮೂರು ಸಲ ಕ್ಯೂವನ್ನು ಹಿಂದೆ ಮುಂದೆ ಆಡಿಸಿ, ಒಂದು ಕ್ಷಣ ನಿಂತು ಹೊಡೆಯುತ್ತಾರೆ. ಮೊದಲ ಚೆಂಡಿಗೂ ಹೀಗೆ, ಚಾಂಪಿಯನ್ ಆಗುವ ಚೆಂಡಿಗೂ ಹೀಗೆ. ಭಯವಾದಾಗ ಮುಷ್ಟಿ ಬಿಗಿಯಾಗುತ್ತದೆ, ಚೆಂಡು ಬಿತ್ತೋ ಇಲ್ಲವೋ ನೋಡುವ ಆತುರದಲ್ಲಿ ತಲೆ ಮೇಲೇಳುತ್ತದೆ. ಗುರಿ ತಪ್ಪುವುದು ಅದರಿಂದಲೇ. ಕ್ರಮ ರೂಢಿಯಾಗಿದ್ದರೆ ಮನಸ್ಸು ಫಲಿತಾಂಶ ಬಿಟ್ಟು ಕೆಲಸ ಹಿಡಿಯುತ್ತದೆ.

2. ಸಹಾಯ ಕೇಳುವುದು. ಓಸಲಿವನ್ ಪ್ರತಿಭಾವಂತ, ಆದರೆ ಸಿಡುಕ. 2006ರ ಡಿಸೆಂಬರಿನಲ್ಲಿ ಹೆಂಡ್ರಿ ಮೇಲೆ 1-4 ಹಿಂದಿದ್ದಾಗ ಪಂದ್ಯದ ಮಧ್ಯೆಯೇ ಕೈಕುಲುಕಿ ಹೊರಟುಬಿಟ್ಟ! ದಂಡವೂ ಬಿತ್ತು. 2011ರಿಂದ ಅವನು ಸ್ಟೀವ್ ಪೀಟರ್ಸ್ ಎಂಬ ಮನೋವೈದ್ಯರ ಸಲಹೆ ಪಡೆದ. ನಮ್ಮ ತಲೆಯೊಳಗೆ ಒಂದು ಚಿಂಪಾಂಜಿ ಕೂತಿದೆ, ಅದು ಗಾಬರಿ ಮಾಡುತ್ತೆ, ಅದನ್ನು ಪಳಗಿಸಬೇಕು ಎಂಬುದು ಆ ವೈದ್ಯರ ವಿವರಣೆ. ನಮ್ಮ ಹಿರಿಯರು ಮನಸ್ಸನ್ನು ಮರ್ಕಟ ಅಂತ ಎಂದೋ ಕರೆದಿದ್ದಾರಲ್ಲ! 2012ರಲ್ಲಿ ಗೆದ್ದ ಮೇಲೆ ಅವನು ಹೆಚ್ಚುಕಡಿಮೆ ಒಂದು ವರ್ಷ ಆಟಕ್ಕೇ ರಜೆ ಕೊಟ್ಟ. ವಾಪಸ್ಸು ಬಂದು 2013ರಲ್ಲೂ ಗೆದ್ದ. 2004ರಲ್ಲಿ ಅವನಿಗೆ ಮಾರ್ಗದರ್ಶನ ಮಾಡಿದವನು ಇದೇ ರೇ ರಿಯರ್ಡನ್. ಗಣಿಯ ಮುದುಕನಿಂದ ತಾಳ್ಮೆ ಕಲಿತ!

3. ಬಾಯಿಬಿಟ್ಟು ಹೇಳುವುದು. 2022ರ ಜನವರಿಯಲ್ಲಿ ಸೆಲ್ಬಿ ತನಗೆ ಮಾನಸಿಕ ಖಿನ್ನತೆ ಇದೆ, ಚಿಕಿತ್ಸೆ ಬೇಕು ಅಂತ ಎಲ್ಲರೆದುರು ಹೇಳಿಕೊಂಡ. ನಾಲ್ಕು ಸಲ ಜಗತ್ತನ್ನೇ ಗೆದ್ದವನು ಹೀಗೆ ಹೇಳಲು ನಾಚಲಿಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವಂತೆ ಇದೂ ಒಂದು.

4. ಎದುರಾಳಿಯ ಕಷ್ಟ ಅರಿಯುವುದು. 2007ರ ಜನವರಿ, ಲಂಡನ್ನಿನ ಮಾಸ್ಟರ್ಸ್ ಫೈನಲ್. 19 ವರ್ಷದ ಡಿಂಗ್, ಎದುರಿಗೆ ಓಸಲಿವನ್. ಜನರೆಲ್ಲ ಓಸಲಿವನ್ ಕಡೆ, ಕೆಲವರು ಡಿಂಗ್‌ನನ್ನು ಹೀಯಾಳಿಸಿದರು. ಹುಡುಗನ ಕಣ್ಣಲ್ಲಿ ನೀರು. ಆಗ ಓಸಲಿವನ್ ಅವನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದ. ಹಿಂದಿನ ತಿಂಗಳು ತಾನೇ ಆಟ ಬಿಟ್ಟು ಹೋಗಿದ್ದ ಮನುಷ್ಯ! ಭಾಷೆ ಬೇರೆ, ದೇಶ ಬೇರೆ, ಕುರ್ಚಿಯ ಕಷ್ಟ ಮಾತ್ರ ಒಂದೇ.

ಎಲ್ಲರೂ ಗೆಲ್ಲುವುದಿಲ್ಲ

ಲಂಡನ್ನಿನ ಜಿಮ್ಮಿ ವೈಟ್ ಶಾಲೆಗೆ ಚಕ್ಕರ್ ಹೊಡೆದು ಸ್ನೂಕರ್ ಹಾಲ್‌ನಲ್ಲಿ ಬೆಳೆದ ಹುಡುಗ. (ಇದನ್ನು ಯಾರೂ ಅನುಕರಿಸಬೇಡಿ!) ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್ಲಿಗೆ ಆರು ಸಲ ಬಂದ, ಆರು ಸಲವೂ ಸೋತ. 1992ರಲ್ಲಿ 14-8 ಮುಂದಿದ್ದ. ಹೆಂಡ್ರಿ ಸತತ 10 ಫ್ರೇಮ್ ಗೆದ್ದ. 1994ರಲ್ಲಿ 17-17 ಇದ್ದಾಗ ಒಂದು ಸುಲಭದ ಕಪ್ಪು ಚೆಂಡು ತಪ್ಪಿತು. ಆ ದಿನ ಅವನ ಹುಟ್ಟುಹಬ್ಬ ಬೇರೆ. ಆದರೂ ಆಟ ಬಿಡಲಿಲ್ಲ. 2023ರಲ್ಲಿ, 61ನೇ ವಯಸ್ಸಿನಲ್ಲಿ, ಅದೇ ಕ್ರೂಸಿಬಲ್‌ನಲ್ಲಿ ಹಿರಿಯರ ವಿಶ್ವ ಪ್ರಶಸ್ತಿ ಗೆದ್ದ.

ಒತ್ತಡಕ್ಕೆ ಬಗ್ಗಿ ದಾರಿ ತಪ್ಪಿದವರೂ ಇದ್ದಾರೆ. 2023ರಲ್ಲಿ ಮೋಸದಾಟದ ಪ್ರಕರಣದಲ್ಲಿ ಚೀನಾದ 10 ಆಟಗಾರರಿಗೆ ಶಿಕ್ಷೆಯಾಯಿತು. ಇಬ್ಬರಿಗೆ ಆಜೀವ ನಿಷೇಧ. ಜಾವೊ ಶಿನ್‌ತಾಂಗ್ ತನ್ನ ಆಟವನ್ನು ಬೇಕೆಂದು ಸೋತಿರಲಿಲ್ಲ. ಇನ್ನೊಬ್ಬನ ಮೋಸದಲ್ಲಿ ಭಾಗಿಯಾಗಿದ್ದ, ಬೆಟ್ಟಿಂಗ್ ಕಟ್ಟಿದ್ದ. ಅದಕ್ಕೆ 20 ತಿಂಗಳು ಆಟದಿಂದ ಹೊರಗೆ. ಶಿಕ್ಷೆ ಮುಗಿಸಿ ಬಂದವನು ಅರ್ಹತಾ ಸುತ್ತಿನಿಂದ ಶುರು ಮಾಡಬೇಕಾಯಿತು. ಅಲ್ಲಿಂದ ಗೆಲ್ಲುತ್ತಾ ಹೋಗಿ 2025ರಲ್ಲಿ ವಿಶ್ವ ಚಾಂಪಿಯನ್ ಆದ, ಏಷ್ಯಾ ಖಂಡದಲ್ಲೇ ಮೊದಲಿಗ. ತಪ್ಪು ಮಾಡಿದವನಿಗೆ ಶಿಕ್ಷೆಯೂ ಇರಬೇಕು, ವಾಪಸ್ಸು ಬರಲು ಬಾಗಿಲೂ ಇರಬೇಕು ಅಲ್ಲವೇ?

ನಮ್ಮ ಬೆಂಗಳೂರಿನ ಪಂಕಜ್

ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಚಿಕ್ಕ ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಅರವಿಂದ್ ಸವೂರ್ ಅವರಲ್ಲಿ ಆಟ ಕಲಿತರು. 2003ರಲ್ಲಿ, 18ನೇ ವಯಸ್ಸಿಗೆ, ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು. ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ 2024ರ ಹೊತ್ತಿಗೆ 28 ವಿಶ್ವ ಪ್ರಶಸ್ತಿಗಳು ಅವರ ಹೆಸರಿಗಿದ್ದವು! ಅವರ ಅಣ್ಣ ಶ್ರೀ ಅಡ್ವಾಣಿ ಕ್ರೀಡಾ ಮನಶ್ಶಾಸ್ತ್ರಜ್ಞರು. ಅಂದರೆ ಮನಸ್ಸಿಗೂ ತರಬೇತಿ ಬೇಕು ಅನ್ನುವುದು ಆ ಮನೆಯಲ್ಲೇ ಗೊತ್ತಿರುವ ವಿಷಯ. ಪಂಕಜ್ 2012ರಿಂದ 2014ರವರೆಗೆ ವೃತ್ತಿಪರ ಸ್ನೂಕರ್ ಆಡಿ, 2013ರ ವೆಲ್ಷ್ ಓಪನ್ನಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಆಮೇಲೆ ಅದನ್ನು ಬಿಟ್ಟು ಊರಿಗೆ ಮರಳಿದರು, ಇಲ್ಲಿಂದಲೇ ಗೆದ್ದರು. ತನಗೆ ಯಾವ ದಾರಿ ಸರಿ ಅಂತ ತಾನೇ ಆರಿಸಿಕೊಳ್ಳುವುದೂ ಒಂದು ಧೈರ್ಯವೇ.

ಇದರಿಂದ ನಮಗೇನು?

ನಮ್ಮಲ್ಲಿ ಎಷ್ಟು ಜನ ಸ್ನೂಕರ್ ಮೇಜು ಮುಟ್ಟಿದ್ದೇವೆ? ಬಹುಶಃ ಯಾರೂ ಇಲ್ಲ. ಆದರೆ ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಲ್‌ನಲ್ಲಿ ನಾವೂ ಮಾತಾಡದೆ, ಓಡದೆ, ಕುರ್ಚಿಯಲ್ಲಿ ಕೂರಬೇಕು. ಪಕ್ಕದವನು ಎರಡನೇ ಸಲ ಅಡಿಷನಲ್ ಶೀಟ್ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಆಗ ಅವನ ಕಡೆ ನೋಡದೆ, ದಿನಾ ಮಾಡಿದ ಕ್ರಮವನ್ನೇ ಮಾಡುವುದು: ಪ್ರಶ್ನೆ ಓದು, ಉಸಿರು ತಗೋ, ಗೊತ್ತಿರುವುದನ್ನು ಮೊದಲು ಬರೆ.

ನಮ್ಮ ಕ್ಲಾಸಿನಲ್ಲೂ ಕೂಲಿಗೆ ಹೋಗುವವರ ಮಕ್ಕಳಿದ್ದಾರೆ, ಅಪ್ಪ ಇಲ್ಲದವರಿದ್ದಾರೆ, ಅಜ್ಜಿ ಮನೆಯಲ್ಲಿ ಓದುವವರಿದ್ದಾರೆ. ಯಾರ ಮನೆಯಲ್ಲಿ ಏನಿದೆ ಅಂತ ಸಮವಸ್ತ್ರ ನೋಡಿದರೆ ಗೊತ್ತಾಗುವುದಿಲ್ಲ. ಯಾರಾದರೂ ಸುಮ್ಮನೆ ಕೂತಿದ್ದರೆ ಹೀಯಾಳಿಸುವ ಬದಲು ಹೆಗಲ ಮೇಲೆ ಕೈ ಹಾಕಿ ಕೇಳೋಣ. ಗುರುಗಳೂ ಹೆದರಿದವರನ್ನು ಹೆಸರು ಹಿಡಿದು ಹತ್ತಿರ ಕರೆದು ಮಾತಾಡಿಸಲಿ ಎಂಬುದು ನನ್ನ ಸವಿನಯ ಕೋರಿಕೆ.

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ