ಡಾಕ್‌ಸ್ಟ್ರಿಂಗ್ ಪರಿಷ್ಕರಣೆ

ಡಾಕ್‌ಸ್ಟ್ರಿಂಗ್ ಪರಿಷ್ಕರಣೆ ಎಂದರೆ ತಂತ್ರಾಂಶ ಲೈಬ್ರರಿಯೊಂದರ ಸೋರ್ಸ್ ಕೋಡ್‌ನ ಒಳಗೇ ಬರೆಯಲಾಗಿರುವ ವಿವರಣಾ ಪಠ್ಯಗಳ ವಿನ್ಯಾಸವನ್ನು ಒಂದೇ ನಿಯಮಕ್ಕೆ ಒಳಪಡಿಸಿ, ಅವುಗಳಲ್ಲಿನ ಚಿಹ್ನೆ, ಅಂತರ, ಶೀರ್ಷಿಕೆ ಹಾಗೂ ಉದಾಹರಣೆಗಳ ದೋಷಗಳನ್ನು ತಿದ್ದುವ ಕಾರ್ಯ. ಮುಖ್ಯವಾಗಿ ಪೈಥಾನ್ ಭಾಷೆಯ ಲೈಬ್ರರಿಗಳಿಗೆ ಸಂಬಂಧಿಸಿದಂತೆ ಈ ಪದ ಬಳಕೆಯಲ್ಲಿದೆ. ಮೇಲ್ನೋಟಕ್ಕೆ ಇದು ಕರಡಚ್ಚು ತಿದ್ದುವಂತಹ ಸಣ್ಣ ಕೆಲಸವಾಗಿ ಕಾಣುತ್ತದೆ. ಆದರೆ ಒಂದು ಚಿಹ್ನೆಯ ಲೋಪದಿಂದ ಗಣಿತ ಸೂತ್ರ ಕೆಡುವುದು, ಪಟ್ಟಿಯೊಂದು ಅರ್ಥವಿಲ್ಲದ ವಾಕ್ಯವಾಗುವುದು, ಕೆಲವೊಮ್ಮೆ ಪ್ರೋಗ್ರಾಮ್ ಚಾಲನೆಯಾಗದೆ ನಿಲ್ಲುವುದು ಸಾಧ್ಯವಿರುವುದರಿಂದ ದೊಡ್ಡ ಯೋಜನೆಗಳು ಇದನ್ನು ಪ್ರತ್ಯೇಕ ಕಾರ್ಯವಾಗಿಯೇ ನಡೆಸುತ್ತವೆ.

ಹಿನ್ನೆಲೆ

ಪೈಥಾನ್‌ನಲ್ಲಿ ಮಾಡ್ಯೂಲ್, ಕ್ಲಾಸ್ ಅಥವಾ ಫಂಕ್ಷನ್‌ನ ಮೊದಲ ಹೇಳಿಕೆಯಾಗಿ ಬರುವ ಪಠ್ಯವನ್ನು ಡಾಕ್‌ಸ್ಟ್ರಿಂಗ್ ಎನ್ನುತ್ತಾರೆ. ಇದು ಸಾಮಾನ್ಯ ಟಿಪ್ಪಣಿಗಿಂತ ಭಿನ್ನವಾದುದು. ಟಿಪ್ಪಣಿಯನ್ನು ಭಾಷೆಯ ಅನುವಾದಕವು ಓದುವಾಗಲೇ ಬಿಟ್ಟುಬಿಡುತ್ತದೆ. ಡಾಕ್‌ಸ್ಟ್ರಿಂಗ್ ಹಾಗಲ್ಲ, ಅದು ಆ ಫಂಕ್ಷನ್‌ನ ಗುಣಲಕ್ಷಣವಾಗಿ ಉಳಿದುಕೊಳ್ಳುತ್ತದೆ ಮತ್ತು ಪ್ರೋಗ್ರಾಮ್ ನಡೆಯುತ್ತಿರುವಾಗಲೂ ಅದನ್ನು ಓದಲು ಸಾಧ್ಯ.

ಈ ಕಾರಣದಿಂದ ಒಂದೇ ಪಠ್ಯವು ಹಲವು ಓದುಗರನ್ನು ತಲುಪುತ್ತದೆ. ಕಡತವನ್ನು ತೆರೆದ ಪ್ರೋಗ್ರಾಮರ್ ಅದನ್ನು ಮೂಲರೂಪದಲ್ಲಿ ಕಾಣುತ್ತಾನೆ. ಹೆಲ್ಪ್ ಆದೇಶವನ್ನು ಬಳಸಿದ ವಿದ್ಯಾರ್ಥಿಗೆ ಅದು ತೆರೆಯ ಮೇಲೆ ಸರಳ ಅಕ್ಷರಗಳಲ್ಲಿ ದೊರೆಯುತ್ತದೆ. ಸ್ಫಿಂಕ್ಸ್‌ನಂತಹ ತಂತ್ರಾಂಶವು ಅದನ್ನೇ ಎತ್ತಿಕೊಂಡು ಶೀರ್ಷಿಕೆ, ಕೊಂಡಿ ಮತ್ತು ಸೂತ್ರಗಳಿರುವ ಜಾಲಪುಟವನ್ನಾಗಿ ಪರಿವರ್ತಿಸುತ್ತದೆ. ಒಬ್ಬ ಓದುಗನಿಗೆ ಸರಿಯಾಗಿ ಕಂಡ ಪಠ್ಯ ಇನ್ನೊಬ್ಬನಿಗೆ ಕೆಟ್ಟು ಕಾಣುವುದೇ ಪರಿಷ್ಕರಣೆಯ ಅಗತ್ಯಕ್ಕೆ ಮೂಲಕಾರಣ.

ಇತಿಹಾಸ

ಫಂಕ್ಷನ್‌ನೊಳಗೆ ವಿವರಣೆಯನ್ನು ಇರಿಸುವ ಪದ್ಧತಿ ಪೈಥಾನ್‌ಗಿಂತ ಹಳೆಯದು. ಲಿಸ್ಪ್ ಕುಟುಂಬದ ಭಾಷೆಗಳಲ್ಲಿ ಅದು ಮೊದಲೇ ರೂಢಿಯಲ್ಲಿತ್ತು. ಪ್ರೋಗ್ರಾಮ್ ಅನ್ನು ಮನುಷ್ಯರು ಓದುವ ಸಾಹಿತ್ಯದಂತೆ ಬರೆಯಬೇಕೆಂಬ ವಿಚಾರವನ್ನು ಡೊನಾಲ್ಡ್ ಕನೂತ್ 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಂಡಿಸಿದರು.

ಗೀಡೊ ವಾನ್ ರಾಸಮ್ ರೂಪಿಸಿದ ಪೈಥಾನ್ 1991ರಲ್ಲಿ ಬಿಡುಗಡೆಯಾಯಿತು. ಡಾಕ್‌ಸ್ಟ್ರಿಂಗ್ ಬರೆಯುವ ಸಂಪ್ರದಾಯಗಳನ್ನು ಡೇವಿಡ್ ಗುಡ್ಜರ್ ಮತ್ತು ವಾನ್ ರಾಸಮ್ 2001ರಲ್ಲಿ ಪೆಪ್ 257 ಎಂಬ ದಾಖಲೆಯಲ್ಲಿ ಸಂಗ್ರಹಿಸಿದರು. ಮರುವರ್ಷ ಗುಡ್ಜರ್ ಅವರೇ ಪೆಪ್ 287ರಲ್ಲಿ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಗುರುತು ಭಾಷೆಯನ್ನು ಡಾಕ್‌ಸ್ಟ್ರಿಂಗ್‌ಗಳಿಗೆ ಸೂಚಿಸಿದರು. ಜಾರ್ಜ್ ಬ್ರಾಂಡ್ಲ್ ಸಿದ್ಧಪಡಿಸಿದ ಸ್ಫಿಂಕ್ಸ್ 2008ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಮೇಲೆ ಈ ಗುರುತು ಭಾಷೆ ವ್ಯಾಪಕವಾಯಿತು. ಅದುವರೆಗೆ ಸರಳ ಪಠ್ಯವೆಂದು ಭಾವಿಸಿ ಬರೆದಿದ್ದ ಸಾವಿರಾರು ಡಾಕ್‌ಸ್ಟ್ರಿಂಗ್‌ಗಳು ಜಾಲಪುಟಗಳಾಗಿ ಪರಿವರ್ತನೆಗೊಂಡಾಗ ಅವುಗಳಲ್ಲಿ ಅಡಗಿದ್ದ ದೋಷಗಳು ಬಯಲಾದವು.

ಮುಖ್ಯ ನಿಯಮಗಳು

ಪೆಪ್ 257ರ ಪ್ರಕಾರ ಡಾಕ್‌ಸ್ಟ್ರಿಂಗ್ ಅನ್ನು ಮೂರು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಮೊದಲ ಸಾಲು ಇಡೀ ಫಂಕ್ಷನ್‌ನ ಸಾರಾಂಶವಾಗಿರಬೇಕು ಮತ್ತು ಪೂರ್ಣವಿರಾಮದಿಂದ ಮುಗಿಯಬೇಕು. ವಿವರಣೆ ಮುಂದುವರಿಯುವುದಾದರೆ ಸಾರಾಂಶದ ನಂತರ ಒಂದು ಖಾಲಿ ಸಾಲು ಇರಬೇಕು. ಸಾರಾಂಶದ ಕ್ರಿಯಾಪದವು ವಿಧ್ಯರ್ಥದಲ್ಲಿರಬೇಕು. ಅಂದರೆ "ಹಿಂದಿರುಗಿಸುತ್ತದೆ" ಎನ್ನುವ ಬದಲು "ಹಿಂದಿರುಗಿಸು" ಎಂದು ಬರೆಯಬೇಕು. ಪೆಪ್ 8 ಇಂತಹ ಪಠ್ಯದ ಸಾಲುಗಳನ್ನು 72 ಅಕ್ಷರಗಳಿಗೆ ಮಿತಿಗೊಳಿಸುತ್ತದೆ.

ನಿಯತಾಂಕಗಳನ್ನು ವಿವರಿಸಲು ಮೂರು ಶೈಲಿಗಳು ಪ್ರಚಲಿತವಾಗಿವೆ: ಸ್ಫಿಂಕ್ಸ್‌ನ ಮೂಲ ಶೈಲಿ, ಗೂಗಲ್ ಶೈಲಿ ಮತ್ತು ನಂಪೈ ಶೈಲಿ. ಕೊನೆಯ ಎರಡನ್ನು ಓದಬಲ್ಲ ನೆಪೋಲಿಯನ್ ಎಂಬ ವಿಸ್ತರಣೆ 2015ರಿಂದ ಸ್ಫಿಂಕ್ಸ್‌ನಲ್ಲೇ ಸೇರಿದೆ. ನಂಪೈ ಶೈಲಿಯ ರಚನೆಯನ್ನು ಈ ಮಾದರಿಯಿಂದ ತಿಳಿಯಬಹುದು:

"""ಅಂಕಗಳ ಸರಾಸರಿಯನ್ನು ಹಿಂದಿರುಗಿಸು.

ಖಾಲಿ ಪಟ್ಟಿ ಕೊಟ್ಟರೆ ಸೊನ್ನೆಯನ್ನು ಹಿಂದಿರುಗಿಸು.

ನಿಯತಾಂಕಗಳು
-----------
ಅಂಕಗಳು : ಸಂಖ್ಯೆಗಳ ಪಟ್ಟಿ
    ಗೈರುಹಾಜರಾದವರ ಅಂಕಗಳನ್ನು ಸೇರಿಸಬಾರದು.

ಉದಾಹರಣೆಗಳು
-----------
>>> ಸರಾಸರಿ([40, 60])
50.0
"""

ಇಲ್ಲಿನ ಕನ್ನಡ ಶೀರ್ಷಿಕೆಗಳು ರಚನೆಯನ್ನು ತೋರಿಸಲು ಮಾತ್ರ. ಪೈಥಾನ್ 3ರಲ್ಲಿ ಕನ್ನಡ ಅಕ್ಷರಗಳಿಂದ ಪಠ್ಯವನ್ನೂ ಫಂಕ್ಷನ್‌ಗಳ ಹೆಸರನ್ನೂ ಬರೆಯಬಹುದಾದರೂ, ನಂಪೈಡಾಕ್ ಉಪಕರಣವು ನಿಗದಿತ ಇಂಗ್ಲಿಷ್ ಶೀರ್ಷಿಕೆಗಳನ್ನೇ ಗುರುತಿಸುತ್ತದೆ.

ಸಾಮಾನ್ಯ ದೋಷಗಳು

ಬ್ಯಾಕ್‌ಟಿಕ್ ಗೊಂದಲ: ಜನಪ್ರಿಯವಾದ ಮಾರ್ಕ್‌ಡೌನ್ ಗುರುತು ಭಾಷೆಯಲ್ಲಿ ಕೋಡ್‌ನ ಪದವನ್ನು ತೋರಿಸಲು ಅದರ ಎರಡೂ ಬದಿಗೆ ಒಂದೊಂದು ಬ್ಯಾಕ್‌ಟಿಕ್ ಸಾಕು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಅದೇ ಕೆಲಸಕ್ಕೆ ಎರಡೆರಡು ಬ್ಯಾಕ್‌ಟಿಕ್‌ಗಳು ಬೇಕು. ಒಂದನ್ನೇ ಹಾಕಿದರೆ ಆ ಪದಕ್ಕೆ ಬೇರೊಂದು ಅರ್ಥ ನೀಡಲಾಗುತ್ತದೆ. ಯೋಜನೆಯ ಹೊಂದಾಣಿಕೆಗೆ ಅನುಗುಣವಾಗಿ ಅದು ಓರೆಯಕ್ಷರವೋ ಕೊಂಡಿಯೋ ಆಗಬಹುದು. ಮಾರ್ಕ್‌ಡೌನ್‌ಗೆ ಒಗ್ಗಿದ ಬರಹಗಾರರಿಂದ ಈ ತಪ್ಪು ಪದೇಪದೇ ಆಗುತ್ತದೆ.

ನಕ್ಷತ್ರ ಮತ್ತು ಅಂಡರ್‌ಸ್ಕೋರ್: ಪೈಥಾನ್‌ನಲ್ಲಿ ಎಷ್ಟು ಬೇಕಾದರೂ ಮೌಲ್ಯಗಳನ್ನು ಸ್ವೀಕರಿಸುವ ನಿಯತಾಂಕದ ಹಿಂದೆ ಒಂದು ಅಥವಾ ಎರಡು ನಕ್ಷತ್ರ ಚಿಹ್ನೆಗಳಿರುತ್ತವೆ. ಗುರುತು ಭಾಷೆಯಲ್ಲಿ ಅದೇ ಚಿಹ್ನೆ ಓರೆಯಕ್ಷರ ಅಥವಾ ದಪ್ಪಕ್ಷರದ ಆರಂಭವನ್ನು ಸೂಚಿಸುತ್ತದೆ. ಮುಕ್ತಾಯದ ಚಿಹ್ನೆ ಸಿಗದೆ ಸ್ಫಿಂಕ್ಸ್ ಎಚ್ಚರಿಕೆ ನೀಡುತ್ತದೆ. ಪದದ ಕೊನೆಯ ಅಂಡರ್‌ಸ್ಕೋರ್ ಕೊಂಡಿಯ ಗುರುತಾಗಿದೆ. ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ದತ್ತಾಂಶದಿಂದ ಕಲಿತ ಮೌಲ್ಯಗಳ ಹೆಸರುಗಳು ಅಂಡರ್‌ಸ್ಕೋರ್‌ನಿಂದಲೇ ಕೊನೆಗೊಳ್ಳುವುದರಿಂದ, ಅವುಗಳನ್ನು ಬ್ಯಾಕ್‌ಟಿಕ್‌ಗಳಿಲ್ಲದೆ ಬರೆದರೆ ಇಲ್ಲದ ಕೊಂಡಿಯನ್ನು ಹುಡುಕಿದಂತಾಗುತ್ತದೆ.

ಖಾಲಿ ಸಾಲಿನ ಲೋಪ: ವಾಕ್ಯದ ಕೆಳಗೆ ಖಾಲಿ ಸಾಲು ಬಿಡದೆ ಪಟ್ಟಿಯನ್ನು ಆರಂಭಿಸಿದರೆ, ಪಟ್ಟಿಯ ಅಂಶಗಳೆಲ್ಲ ಹಿಂದಿನ ವಾಕ್ಯಕ್ಕೆ ಅಂಟಿಕೊಂಡು ಒಂದೇ ಪ್ಯಾರಾ ಆಗುತ್ತವೆ. ಇದಕ್ಕೆ ಎಚ್ಚರಿಕೆಯೂ ಬರುವುದಿಲ್ಲ. ಹೀಗಾಗಿ ಜಾಲಪುಟವನ್ನು ಕಣ್ಣಾರೆ ಓದಿದವರಿಗೆ ಮಾತ್ರ ಇದು ಗೋಚರಿಸುತ್ತದೆ.

ಅಂತರ ಮತ್ತು ಅಡಿಗೆರೆ: ನಂಪೈ ಶೈಲಿಯಲ್ಲಿ ನಿಯತಾಂಕದ ಹೆಸರಿಗೂ ಕೋಲನ್ ಚಿಹ್ನೆಗೂ ನಡುವೆ ಒಂದು ತೆರಪು ಇರಬೇಕು. ಅದು ತಪ್ಪಿದರೆ ನಂಪೈಡಾಕ್ ಹೆಸರನ್ನೂ ಅದರ ಪ್ರಕಾರವನ್ನೂ ಬೇರ್ಪಡಿಸದೆ ಇಡೀ ಸಾಲನ್ನೇ ಹೆಸರೆಂದು ತಿಳಿಯುತ್ತದೆ. ಶೀರ್ಷಿಕೆಯ ಕೆಳಗಿನ ಗೆರೆ ಶೀರ್ಷಿಕೆಗಿಂತ ಚಿಕ್ಕದಾದರೆ ಅದು ಶೀರ್ಷಿಕೆಯೆಂದೇ ಪರಿಗಣಿತವಾಗುವುದಿಲ್ಲ.

ಬ್ಯಾಕ್‌ಸ್ಲ್ಯಾಶ್: ಅತ್ಯಂತ ಹಾನಿಕಾರಕ ದೋಷ ಇದೇ. ಗಣಿತ ಸೂತ್ರಗಳನ್ನು ಟೆಕ್ ಪದ್ಧತಿಯಲ್ಲಿ ಬರೆಯುವಾಗ ಗ್ರೀಕ್ ಅಕ್ಷರಗಳ ಹೆಸರಿನ ಹಿಂದೆ ಬ್ಯಾಕ್‌ಸ್ಲ್ಯಾಶ್ ಬರುತ್ತದೆ. ಆದರೆ ಪೈಥಾನ್ ಪಠ್ಯದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ಅದರ ಮುಂದಿನ ಇಂಗ್ಲಿಷ್ ಅಕ್ಷರ ಸೇರಿ ಒಂದು ವಿಶೇಷ ಸಂಜ್ಞೆಯಾಗಬಹುದು. ಥೀಟಾ ಎಂದು ಬರೆದರೆ ಮೊದಲ ಅಕ್ಷರವಾದ 'ಟಿ' ಬ್ಯಾಕ್‌ಸ್ಲ್ಯಾಶ್‌ನೊಡನೆ ಸೇರಿ ಟ್ಯಾಬ್ ಆಗುತ್ತದೆ. ಉಳಿದ ಅಕ್ಷರಗಳು ಅರ್ಥಹೀನವಾಗಿ ಪುಟದಲ್ಲಿ ಉಳಿಯುತ್ತವೆ. ಬೀಟಾದ ಮೊದಲಕ್ಷರ ಹಿಂದೆ ಸರಿಯುವ ಸಂಜ್ಞೆಯಾಗುತ್ತದೆ. ರೋ ಮತ್ತು ನ್ಯೂ ಅಕ್ಷರಗಳು ಸಾಲನ್ನೇ ಬದಲಿಸುತ್ತವೆ. ಕ್ಸೈ ಎಂದು ಬರೆದರೆ ಪೈಥಾನ್ ಅದನ್ನು ಅಪೂರ್ಣ ಸಂಜ್ಞೆಯೆಂದು ತಿಳಿದು ಇಡೀ ಕಡತವನ್ನು ಚಲಾಯಿಸಲು ನಿರಾಕರಿಸುತ್ತದೆ. ಸಿಗ್ಮಾದಂತಹ ಕೆಲವು ಮಾತ್ರ ಹಾಗೆಯೇ ಉಳಿಯುತ್ತವೆ. ಆದರೆ ಪೈಥಾನ್ 3.12ರಿಂದ ಅವುಗಳಿಗೂ ಕಣ್ಣಿಗೆ ಬೀಳುವಂತೆ ಎಚ್ಚರಿಕೆ ಬರುತ್ತದೆ. ಆರಂಭದ ಉದ್ಧರಣ ಚಿಹ್ನೆಗಳ ಮುಂದೆ 'ಆರ್' ಎಂಬ ಇಂಗ್ಲಿಷ್ ಅಕ್ಷರವನ್ನು ಸೇರಿಸಿ, ಪಠ್ಯವನ್ನು ಇದ್ದಂತೆಯೇ ಸ್ವೀಕರಿಸಬೇಕೆಂದು ಸೂಚಿಸುವುದು ಇದಕ್ಕೆ ಪರಿಹಾರ.

ಪರಿಷ್ಕರಣೆಯ ಅಪಾಯಗಳು

ಡಾಕ್‌ಸ್ಟ್ರಿಂಗ್ ಕೇವಲ ವಿವರಣೆ, ಅದನ್ನು ತಿದ್ದಿದರೆ ಪ್ರೋಗ್ರಾಮ್‌ಗೆ ಧಕ್ಕೆಯಿಲ್ಲ ಎಂಬ ನಂಬಿಕೆ ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ.

ಡೇವಿಡ್ ಬೀಜ್ಲಿ ರಚಿಸಿದ ಪಿಎಲ್‌ವೈ ಎಂಬ ಉಪಕರಣದಲ್ಲಿ ವ್ಯಾಕರಣ ಸೂತ್ರಗಳನ್ನೇ ಡಾಕ್‌ಸ್ಟ್ರಿಂಗ್ ಆಗಿ ಬರೆಯಲಾಗುತ್ತದೆ. ಅಲ್ಲಿ ಸೂತ್ರದ ಕೊನೆಗೆ ಪೂರ್ಣವಿರಾಮ ಸೇರಿಸಿದರೆ ವ್ಯಾಕರಣವೇ ಕೆಡುತ್ತದೆ. ಡಾಕ್‌ಆಪ್ಟ್ ಲೈಬ್ರರಿಯು ಬಳಕೆಯ ವಿವರಣೆಯನ್ನು ಓದಿ ಅದರಿಂದಲೇ ಆದೇಶಗಳ ರಚನೆಯನ್ನು ಅರಿತುಕೊಳ್ಳುತ್ತದೆ. ಯೂನಿಟ್‌ಟೆಸ್ಟ್ ಮಾಡ್ಯೂಲ್ ಪರೀಕ್ಷೆಯ ಡಾಕ್‌ಸ್ಟ್ರಿಂಗ್‌ನ ಮೊದಲ ಸಾಲನ್ನು ಫಲಿತಾಂಶದಲ್ಲಿ ತೋರಿಸುತ್ತದೆ.

ಕ್ಲಿಕ್ ಎಂಬ ಲೈಬ್ರರಿಯ ಉದಾಹರಣೆ ಗಮನಾರ್ಹವಾದುದು. ಬೀಟಾ ಅಕ್ಷರವನ್ನು ಕೆಡಿಸುವ ಬ್ಯಾಕ್‌ಸ್ಲ್ಯಾಶ್ ಮತ್ತು 'ಬಿ' ಸಂಜ್ಞೆಯನ್ನೇ ಅಲ್ಲಿ ಉದ್ದೇಶಪೂರ್ವಕವಾಗಿ ಪ್ರತ್ಯೇಕ ಸಾಲಿನಲ್ಲಿ ಬರೆಯುತ್ತಾರೆ. ಮುಂದಿನ ಪ್ಯಾರಾದ ಸಾಲುಗಳನ್ನು ಮರುಜೋಡಿಸಬಾರದೆಂಬುದು ಅದರ ಅರ್ಥ. ಎಲ್ಲೆಡೆ ಒಂದೇ ತಿದ್ದುಪಡಿ ಮಾಡುತ್ತ ಇಲ್ಲಿಯೂ 'ಆರ್' ಅಕ್ಷರವನ್ನು ಸೇರಿಸಿದರೆ ಆ ಸೂಚನೆ ಕಳೆದುಹೋಗುತ್ತದೆ. ಹಾಗೆಯೇ ಮೊದಲೇ ಎರಡು ಬ್ಯಾಕ್‌ಸ್ಲ್ಯಾಶ್ ಬಳಸಿ ಸರಿಯಾಗಿ ಬರೆದಿದ್ದ ಸೂತ್ರಕ್ಕೆ 'ಆರ್' ಸೇರಿಸಿದರೆ ಎರಡೂ ಉಳಿದು ಸೂತ್ರ ಕೆಡುತ್ತದೆ.

ಡಾಕ್‌ಸ್ಟ್ರಿಂಗ್‌ನಲ್ಲಿರುವ ಉದಾಹರಣೆಗಳನ್ನು ಪರೀಕ್ಷೆಗಳಾಗಿ ನಡೆಸುವ ಡಾಕ್‌ಟೆಸ್ಟ್ ಮಾಡ್ಯೂಲ್ ಟಿಮ್ ಪೀಟರ್ಸ್ ಅವರ ಕೊಡುಗೆ. ನಿರೀಕ್ಷಿತ ಉತ್ತರ ಅಕ್ಷರಶಃ ಹೊಂದಬೇಕೆಂಬುದು ಅದರ ಸಾಮಾನ್ಯ ನಿಯಮ. ಉತ್ತರದ ನಡುವೆ ಖಾಲಿ ಸಾಲು ಸೇರಿದರೆ ಉತ್ತರ ಅಲ್ಲಿಗೇ ಮುಗಿಯಿತೆಂದು ಅದು ತಿಳಿಯುತ್ತದೆ. ಅಂದಕ್ಕಾಗಿ ಸೇರಿಸಿದ ಒಂದು ಸಾಲು ಪರೀಕ್ಷೆಯನ್ನು ವಿಫಲಗೊಳಿಸಬಹುದು.

ಉಪಕರಣಗಳು

ಪೆಪ್ 257ರ ನಿಯಮಗಳನ್ನು ಪರಿಶೀಲಿಸಲು ಪೈಡಾಕ್‌ಸ್ಟೈಲ್ ಬಹುಕಾಲ ಬಳಕೆಯಲ್ಲಿತ್ತು. 2023ರಲ್ಲಿ ಅದರ ನಿರ್ವಹಣೆ ನಿಂತು, ಅದೇ ನಿಯಮಗಳನ್ನು ಅಳವಡಿಸಿಕೊಂಡ ರಫ್ ಎಂಬ ಉಪಕರಣವನ್ನು ಬಳಸುವಂತೆ ಸೂಚಿಸಲಾಯಿತು. ಡಾಕ್‌ಫಾರ್ಮ್ಯಾಟರ್ ದೋಷಗಳನ್ನು ತೋರಿಸುವುದಷ್ಟೇ ಅಲ್ಲದೆ ತಾನೇ ತಿದ್ದಬಲ್ಲದು. ಬ್ಲ್ಯಾಕ್ ಎಂಬುದು ಸಾಲಿನ ಆರಂಭದ ತೆರಪನ್ನೂ ಕೊನೆಯಲ್ಲಿ ಉಳಿದ ತೆರಪನ್ನೂ ಸರಿಪಡಿಸುತ್ತದೆ. ಎಚ್ಚರಿಕೆಗಳನ್ನೆಲ್ಲ ದೋಷಗಳೆಂದೇ ಪರಿಗಣಿಸುವಂತೆ ಸ್ಫಿಂಕ್ಸ್‌ಗೆ ಆದೇಶಿಸಬಹುದು. ಆಗ ಒಂದು ಎಚ್ಚರಿಕೆ ಉಳಿದರೂ ನಿರ್ಮಾಣ ವಿಫಲವಾಗುತ್ತದೆ.

ಇವು ಯಾವುವೂ ವಾಕ್ಯದ ಅರ್ಥವನ್ನು ಪರಿಶೀಲಿಸುವುದಿಲ್ಲ. ಫಂಕ್ಷನ್ ಬದಲಾಗಿ ವಿವರಣೆ ಹಳೆಯದಾಗಿಯೇ ಉಳಿದಿದ್ದರೆ, ವಿನ್ಯಾಸ ಎಷ್ಟೇ ಶುದ್ಧವಾಗಿದ್ದರೂ ಅದು ಓದುಗನನ್ನು ದಾರಿತಪ್ಪಿಸುತ್ತದೆ.

ಕಾರ್ಯವಿಧಾನ

ವಿನ್ಯಾಸದ ತಿದ್ದುಪಡಿಯನ್ನೂ ಪ್ರೋಗ್ರಾಮ್‌ನ ತಿದ್ದುಪಡಿಯನ್ನೂ ಒಂದೇ ಕಂತಿನಲ್ಲಿ ಸೇರಿಸದಿರುವುದು ಈ ಕೆಲಸದ ಮೊದಲ ಶಿಸ್ತು. ನೂರಾರು ಸಾಲುಗಳ ಅಂತರ ಬದಲಾವಣೆಯ ನಡುವೆ ಒಂದು ಲೆಕ್ಕಾಚಾರದ ಬದಲಾವಣೆ ಸೇರಿಕೊಂಡರೆ ಪರಿಶೀಲಕನ ಕಣ್ಣಿಗೆ ಅದು ಬೀಳದಿರಬಹುದು. ಸಾಮಾನ್ಯವಾಗಿ ಮೊದಲು ಶೈಲಿಯನ್ನು ನಿರ್ಧರಿಸಿ, ಒಂದೊಂದೇ ಮಾಡ್ಯೂಲ್ ಅನ್ನು ತಿದ್ದಿ, ಪರೀಕ್ಷೆಗಳನ್ನು ನಡೆಸಿ, ಜಾಲಪುಟವನ್ನು ಮರುನಿರ್ಮಿಸಿ, ಅದನ್ನು ಹಳೆಯ ಪುಟದೊಂದಿಗೆ ಹೋಲಿಸಲಾಗುತ್ತದೆ. ಕೊನೆಗೆ ಅದೇ ನಿಯಮವನ್ನು ಸ್ವಯಂಚಾಲಿತ ಪರಿಶೀಲನೆಗೆ ಸೇರಿಸಿದರೆ ತಿದ್ದಿದ ದೋಷ ಮತ್ತೆ ನುಸುಳುವುದಿಲ್ಲ.

ಪ್ರಮುಖ ಪ್ರಯತ್ನಗಳು

ಸಂಖ್ಯಾ ಗಣನೆಯ ನಂಪೈ ಲೈಬ್ರರಿಯ ಅಸಮರ್ಪಕ ದಾಖಲೆಗಳಿಂದ ತಮ್ಮ ವಿದ್ಯಾರ್ಥಿಗಳು ಕಷ್ಟಪಡುವುದನ್ನು ಕಂಡ ಖಗೋಳ ವಿಜ್ಞಾನಿ ಜೋಸೆಫ್ ಹ್ಯಾರಿಂಗ್ಟನ್ 2008ರಲ್ಲಿ ಸೈಪೈ ದಾಖಲೀಕರಣ ಯೋಜನೆಯನ್ನು ಆರಂಭಿಸಿದರು. ಸ್ಟೆಫಾನ್ ವಾನ್ ಡರ್ ವಾಲ್ಟ್ ಅದರ ಸಂಯೋಜಕರಾಗಿದ್ದರು. ಡಾಕ್‌ಸ್ಟ್ರಿಂಗ್‌ಗಳನ್ನು ವಿಕಿಯ ಮಾದರಿಯಲ್ಲಿ ಜಾಲದಲ್ಲೇ ತಿದ್ದಿ, ಪರಿಶೀಲನೆಯ ನಂತರ ಸೋರ್ಸ್ ಕೋಡ್‌ಗೆ ಸೇರಿಸುವ ವ್ಯವಸ್ಥೆ ಮಾಡಿದ್ದರಿಂದ ಲೈಬ್ರರಿಯನ್ನು ನಿರ್ಮಿಸಿದವರಲ್ಲದೆ ಅದನ್ನು ಬಳಸುವವರೂ ಪಾಲ್ಗೊಳ್ಳಲು ಸಾಧ್ಯವಾಯಿತು.

ದತ್ತಾಂಶ ವಿಶ್ಲೇಷಣೆಯ ಪಾಂಡಾಸ್ ಲೈಬ್ರರಿಗಾಗಿ 2018ರ ಮಾರ್ಚ್ 10ರಂದು ಜಗತ್ತಿನ ಹಲವು ನಗರಗಳಲ್ಲಿ ಏಕಕಾಲಕ್ಕೆ ದಾಖಲೀಕರಣ ಶಿಬಿರ ನಡೆಯಿತು. ಡಾಕ್‌ಸ್ಟ್ರಿಂಗ್‌ಗಳನ್ನು ಪರಿಶೀಲಿಸುವ ಪ್ರೋಗ್ರಾಮ್ ಒಂದನ್ನು ಆ ಯೋಜನೆ ಈಗಲೂ ತನ್ನ ಭಂಡಾರದಲ್ಲಿ ಹೊಂದಿದೆ.

ಟೀಕೆ

ಪರಿಷ್ಕರಣೆಗೆ ಆಕ್ಷೇಪಗಳೂ ಇವೆ. ಯಾವ ಸಾಲನ್ನು ಯಾರು, ಏಕೆ ಬರೆದರು ಎಂಬುದನ್ನು ತಿಳಿಸುವ ಇತಿಹಾಸವನ್ನು ಸಾಮೂಹಿಕ ತಿದ್ದುಪಡಿಗಳು ಮಸುಕುಗೊಳಿಸುತ್ತವೆ. ಇದನ್ನು ನಿವಾರಿಸಲು ಗಿಟ್ ತಂತ್ರಾಂಶದ 2.23ನೇ ಆವೃತ್ತಿಯಲ್ಲಿ, 2019ರಲ್ಲಿ, ನಿರ್ದಿಷ್ಟ ತಿದ್ದುಪಡಿಗಳನ್ನು ಬಿಟ್ಟು ಇತಿಹಾಸವನ್ನು ತೋರಿಸುವ ಸೌಲಭ್ಯ ಸೇರಿತು. ಇತರರು ಸಲ್ಲಿಸಿ ಇನ್ನೂ ಸ್ವೀಕೃತವಾಗದ ಬದಲಾವಣೆಗಳೊಂದಿಗೆ ಘರ್ಷಣೆ ಉಂಟಾಗುವುದು ಮತ್ತೊಂದು ತೊಂದರೆ. ನಿಯಮ ಪಾಲನೆಯ ಒತ್ತಡದಿಂದ ಫಂಕ್ಷನ್‌ನ ಹೆಸರನ್ನೇ ವಾಕ್ಯವಾಗಿ ತಿರುಗಿಸಿದ, ಹೊಸದೇನನ್ನೂ ತಿಳಿಸದ ಡಾಕ್‌ಸ್ಟ್ರಿಂಗ್‌ಗಳು ಹೆಚ್ಚುತ್ತವೆ ಎಂಬ ದೂರೂ ಇದೆ.

ಮಹತ್ವ

ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಡಾಕ್‌ಸ್ಟ್ರಿಂಗ್ ತಿದ್ದುಪಡಿ ಹೊಸಬರ ಮೊದಲ ಕೊಡುಗೆಯಾಗಿರುವುದುಂಟು. ಲೈಬ್ರರಿಯ ಒಳರಚನೆಯನ್ನು ಪೂರ್ತಿಯಾಗಿ ಅರಿಯದವರೂ ಕೆಟ್ಟ ಪಟ್ಟಿಯನ್ನೋ ಮುರಿದ ಸೂತ್ರವನ್ನೋ ಗುರುತಿಸಬಲ್ಲರು. ನುರಿತವರ ಕಣ್ಣು ತಪ್ಪನ್ನು ತಾನಾಗಿಯೇ ಸರಿಪಡಿಸಿಕೊಂಡು ಓದಿಬಿಡುತ್ತದೆ. ಆ ವಿಷಯವನ್ನು ಮೊದಲ ಬಾರಿಗೆ ಕಲಿಯುತ್ತಿರುವವನಿಗೆ ಅಂತಹ ಆಸರೆ ಇಲ್ಲ. ಥೀಟಾ ಇಲ್ಲದ ಸೂತ್ರವನ್ನು ಕಂಡಾಗ ತಪ್ಪು ಪುಟದ್ದೋ ತನ್ನದೋ ಎಂಬುದು ಅವನಿಗೆ ತಿಳಿಯುವುದಿಲ್ಲ. ಪರಿಷ್ಕರಣೆಯಿಂದ ಹೆಚ್ಚಿನ ಪ್ರಯೋಜನ ದೊರೆಯುವುದು ಅಂತಹ ಓದುಗನಿಗೇ.