ಪರದೇಶದಲ್ಲಿ ಹಲ್ಲುನೋವು: ಸಂತ ಅಪೊಲೋನಿಯರ ಹಬ್ಬದಂದು ಕೆಲವು ಮಾತು



ಫೆಬ್ರವರಿ 9ರಂದು ಧರ್ಮಸಭೆಯು ಸಂತ ಅಪೊಲೋನಿಯರನ್ನು ಸ್ಮರಿಸುತ್ತದೆ. ಈ ಸಂತರ ಚಿತ್ರವನ್ನು ನೋಡಿದವರು ಮರೆಯಲಾರರು. ಅವರ ಕೈಯಲ್ಲಿ ಒಂದು ಇಕ್ಕಳ, ಇಕ್ಕಳದ ತುದಿಯಲ್ಲಿ ಒಂದು ಹಲ್ಲು! ಕ್ರಿ.ಶ. 249ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕ್ರೈಸ್ತರ ವಿರುದ್ಧ ಗಲಭೆ ಎದ್ದಾಗ, ಜನರ ಗುಂಪು ವೃದ್ಧ ಕನ್ಯೆಯಾಗಿದ್ದ ಅಪೊಲೋನಿಯರನ್ನು ಹಿಡಿದು ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಮುರಿಯಿತು. ಕ್ರಿಸ್ತರನ್ನು ನಿಂದಿಸದಿದ್ದರೆ ಜೀವಸಹಿತ ಸುಡುವುದಾಗಿ ಬೆದರಿಸಿತು. ಅವರು ನಿಂದಿಸಲಿಲ್ಲ, ಬೆಂಕಿಯಲ್ಲಿ ಪ್ರಾಣ ತೆತ್ತರು. ಆ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ದಿಯೊನೀಸಿಯಸ್ ಇದನ್ನು ಪತ್ರದಲ್ಲಿ ಬರೆದರು; ಇತಿಹಾಸಕಾರ ಯುಸೇಬಿಯಸ್ ಆ ಪತ್ರವನ್ನು ತಮ್ಮ ಗ್ರಂಥದಲ್ಲಿ ಉಳಿಸಿದರು. ಅಂದಿನಿಂದ ಹಲ್ಲುನೋವಿನಿಂದ ನರಳುವವರು ಈ ಸಂತರ ಮಧ್ಯಸ್ಥಿಕೆಯನ್ನು ಬೇಡುತ್ತಾ ಬಂದಿದ್ದಾರೆ.

ಎರಡೇ ದಿನಗಳ ನಂತರ, ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬ. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1992ರಲ್ಲಿ ಘೋಷಿಸಿದಂತೆ, 1993ರಿಂದ ಆ ದಿನವನ್ನು ವಿಶ್ವ ರೋಗಿಗಳ ದಿನವಾಗಿಯೂ ಆಚರಿಸುತ್ತೇವೆ. ಈ ಎರಡು ದಿನಗಳ ನಡುವೆ ನಿಂತು, ನಾವು ರೋಗಿಗಳೆಂದು ಎಣಿಸದ ಒಂದು ವರ್ಗದ ಜನರನ್ನು ನೆನೆಯೋಣ. ಅವರು ದೂರದೇಶದಲ್ಲಿ ಹಲ್ಲುನೋವನ್ನು ನುಂಗಿಕೊಂಡು ದುಡಿಯುವ ನಮ್ಮ ಮಕ್ಕಳು.

ಹಬ್ಬದ ಊಟದಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಯುವಕನೊಬ್ಬನ ಮನೆಯಲ್ಲಿ ಹಬ್ಬದ ಊಟ. ಸನ್ನಾಸ್, ಹಂದಿಮಾಂಸದ ಪದಾರ್ಥ ಎಲ್ಲವೂ ಇತ್ತು. ಅವನು ಮಾಂಸವನ್ನು ಬದಿಗೆ ಸರಿಸಿ, ಸನ್ನಾಸನ್ನು ಸಾರಿನಲ್ಲಿ ನೆನೆಸಿ ಒಂದೇ ಬದಿಯಿಂದ ನಿಧಾನವಾಗಿ ತಿನ್ನುತ್ತಿದ್ದ. “ಯಾಕೆ ಪುತಾ, ನನ್ನ ಅಡುಗೆ ಸೇರಲಿಲ್ಲವಾ?” ಎಂದು ತಾಯಿ ಕೇಳಿದಾಗ ವಿಷಯ ಹೊರಬಿತ್ತು. ಎರಡು ವರ್ಷಗಳಿಂದ ದವಡೆಹಲ್ಲು ನೋವು. ಅಲ್ಲಿಯ ಕ್ಲಿನಿಕ್ಕಿನವರು ಹೇಳಿದ ಮೊತ್ತ ಕೇಳಿ ಹಿಂದಿರುಗಿದ್ದ. ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ರಾತ್ರಿ ನೋವಿನ ಮಾತ್ರೆ ನುಂಗುವುದು, ಬೆಳಿಗ್ಗೆ ಕೆಲಸಕ್ಕೆ ಹೋಗುವುದು. ಮನೆಗೆ ಹಣ ಮಾತ್ರ ತಪ್ಪದೆ ಬರುತ್ತಿತ್ತು.

ದಂತವೈದ್ಯರಲ್ಲಿಗೆ ಹೋದಾಗ ರಜೆಯಲ್ಲಿ ಉಳಿದಿದ್ದದ್ದು ಎಂಟೇ ದಿನ. ಮೊದಲೇ ತೋರಿಸಿದ್ದರೆ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದ ಎರಡು ಹಲ್ಲುಗಳನ್ನು ಕೀಳಬೇಕಾಯಿತು. ಮೂರನೆಯದಕ್ಕೆ ರೂಟ್ ಕೆನಾಲ್ ಆಯಿತು, ಕ್ಯಾಪ್ ಹಾಕಿಸಲು ಸಮಯ ಸಾಲಲಿಲ್ಲ. ಹಾಗೆಯೇ ವಿಮಾನ ಹತ್ತಿದ. ಆ ತಾಯಿ ಹೇಳಿದ ಮಾತು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ: “ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದೆ. ಅಗಿಯಲು ಆಗುತ್ತದಾ ಎಂದು ಕೇಳಲಿಲ್ಲವಲ್ಲ!”

ನೋವನ್ನು ಸಹಿಸುವುದು ಪುಣ್ಯವೇ?

“ಸಂತರು ಎಷ್ಟೆಲ್ಲ ನೋವು ಸಹಿಸಿದರು, ನಾವೂ ಸಹಿಸೋಣ” ಎನ್ನುವವರಿದ್ದಾರೆ. ಇಲ್ಲಿ ತಪ್ಪು ತಿಳಿವಳಿಕೆ ಬೇಡ. ಅಪೊಲೋನಿಯರು ಹಲ್ಲುನೋವನ್ನು ಆರಿಸಿಕೊಳ್ಳಲಿಲ್ಲ, ವಿಶ್ವಾಸವನ್ನು ಆರಿಸಿಕೊಂಡರು. ನೋವನ್ನು ಕೊಟ್ಟವರು ಹಿಂಸಕರು. ಗುಣಪಡಿಸಬಹುದಾದ ನೋವನ್ನು ಹಣದ ಅಂಜಿಕೆಯಿಂದಲೋ ಸಂಕೋಚದಿಂದಲೋ ಹೊತ್ತುಕೊಂಡು ತಿರುಗುವುದು ರಕ್ತಸಾಕ್ಷ್ಯವಲ್ಲ. ಯೇಸುಸ್ವಾಮಿ ತಮ್ಮ ಬಳಿಗೆ ಬಂದ ರೋಗಿಗಳಿಗೆ ರೋಗವನ್ನು ಇಟ್ಟುಕೊಳ್ಳಿರಿ ಎನ್ನಲಿಲ್ಲ, ಮುಟ್ಟಿ ಗುಣಪಡಿಸಿದರು. ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯನನ್ನು ಗೌರವಿಸುವಂತೆ ಕಲಿಸುತ್ತದೆ. ಔಷಧಿಗಳೂ ದೇವರ ಸೃಷ್ಟಿಯೇ ಎನ್ನುತ್ತದೆ.

ದಯಾಳು ಸಮಾರಿಯದವನ ಸಾಮತಿಯನ್ನು ನೆನಪಿಸಿಕೊಳ್ಳಿರಿ. ಅವನೂ ಪ್ರಯಾಣಿಕನೇ, ಅನ್ಯನಾಡಿನಲ್ಲಿ ಇದ್ದವನೇ. ಅವನು ಕನಿಕರಪಟ್ಟು ಗಾಯ ಕಟ್ಟಿದ್ದಷ್ಟೇ ಅಲ್ಲ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿಯನ್ನು ಇಟ್ಟ. ಹೆಚ್ಚು ಖರ್ಚಾದರೆ ತಾನೇ ಕೊಡುವುದಾಗಿಯೂ ಹೇಳಿದ. ಚಿಕಿತ್ಸೆಯ ಖರ್ಚಿನ ಲೆಕ್ಕವೂ ಪ್ರೀತಿಯ ಭಾಗವೆಂದು ಪ್ರಭು ಕಲಿಸಿದರು. ಆದ್ದರಿಂದ ಈ ಪ್ರಬೋಧನೆಯಲ್ಲಿ ಲೆಕ್ಕದ ಮಾತುಗಳೂ ಬಂದರೆ ಅಪಾರ್ಥ ಮಾಡಿಕೊಳ್ಳದಿರಿ.

ಹೊರಡುವ ಮುನ್ನ

ಪಾಸ್‌ಪೋರ್ಟ್, ವೀಸಾ, ಉಪ್ಪಿನಕಾಯಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ನಾವು ಹಲ್ಲನ್ನು ಮರೆಯುತ್ತೇವೆ. ಹೊರಡುವುದಕ್ಕೆ ಎರಡು ತಿಂಗಳಿರುವಾಗಲೇ ದಂತವೈದ್ಯರಿಗೆ ತೋರಿಸಿ ಎಕ್ಸ್‌ರೇ ತೆಗೆಸಿರಿ. ಚಿಕ್ಕ ಹುಳುಕನ್ನು ತುಂಬಿಸಿರಿ. ಸೊಟ್ಟಗೆ ಹುಟ್ಟಿ ತೊಂದರೆ ಕೊಡುವ ಬುದ್ಧಿಹಲ್ಲಿನ ಬಗ್ಗೆ ಕೇಳಿ ತಿಳಿಯಿರಿ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ; ಮಂಗಳೂರು, ದೇರಳಕಟ್ಟೆ, ಮಣಿಪಾಲ, ಧಾರವಾಡಗಳಲ್ಲಿ ದಂತ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ಕಲಿಯುವ ವೈದ್ಯರು ಅಧ್ಯಾಪಕರ ಕಣ್ಣೆದುರಿನಲ್ಲೇ ಚಿಕಿತ್ಸೆ ಕೊಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಖರ್ಚು ಕಡಿಮೆ. ಎಕ್ಸ್‌ರೇ ಮತ್ತು ಚೀಟಿಗಳ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋದರೆ ಅಲ್ಲಿ ಮತ್ತೆ ತೆಗೆಸುವ ಖರ್ಚು ಉಳಿಯಬಹುದು.

ಗಲ್ಫ್‌ನಲ್ಲಿರುವವರಿಗೆ

ಮೊದಲ ಕೆಲಸ, ನಿಮ್ಮ ವಿಮೆಯ ಕಾಗದವನ್ನು ಓದಿಸಿಕೊಳ್ಳುವುದು. ದುಬೈಯಲ್ಲಿ 2013ರ ಕಾನೂನಿನಂತೆ ಕೆಲಸಗಾರನಿಗೆ ಆರೋಗ್ಯ ವಿಮೆ ಮಾಡಿಸುವ ಹೊಣೆ ಮಾಲೀಕನದು. ಶಾರ್ಜಾ, ಅಜ್ಮಾನ್ ಮೊದಲಾದ ಉತ್ತರದ ಎಮಿರೇಟ್‌ಗಳಲ್ಲಿಯೂ 2025ರ ಜನವರಿ 1ರಿಂದ ಖಾಸಗಿ ಕಂಪನಿಯವರಿಗೂ ಮನೆಗೆಲಸದವರಿಗೂ ಇದು ಕಡ್ಡಾಯ. ಆದರೆ ಕಡಿಮೆ ಸಂಬಳದವರಿಗೆ ಕೊಡುವ ಮೂಲ ವಿಮೆಯಲ್ಲಿ ಹಲ್ಲಿಗೆ ಸಿಗುವುದು ಸಾಮಾನ್ಯವಾಗಿ ತುರ್ತು ಚಿಕಿತ್ಸೆ ಮಾತ್ರ, ಇಲ್ಲವೇ ಒಂದು ಸಣ್ಣ ಮಿತಿ. ಆ ಸ್ವಲ್ಪವನ್ನೂ ಎಷ್ಟೋ ಮಂದಿ ಕೇಳದೆ ಬಿಡುತ್ತಾರೆ. ಕಂಪನಿಯ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿರಿ: ಹಲ್ಲಿನ ಚಿಕಿತ್ಸೆ ಸೇರಿದೆಯೇ? ಯಾವ ಕ್ಲಿನಿಕ್‌ಗಳಲ್ಲಿ? ನನ್ನ ಕೈಯಿಂದ ಎಷ್ಟು ಕೊಡಬೇಕು?

ಚಿಕಿತ್ಸೆಗೆ ಕುಳಿತುಕೊಳ್ಳುವ ಮುನ್ನ ಒಟ್ಟು ಖರ್ಚನ್ನು ಬರೆದುಕೊಡುವಂತೆ ಕೇಳುವುದರಲ್ಲಿ ಅವಮಾನವಿಲ್ಲ. “ಇಂದು ಆಗಲೇಬೇಕಾದದ್ದು ಯಾವುದು, ಊರಿಗೆ ಹೋಗುವವರೆಗೆ ಕಾಯಬಹುದಾದದ್ದು ಯಾವುದು?” ಎಂದು ಕೇಳಿರಿ. ಒಳ್ಳೆಯ ವೈದ್ಯರು ಸರಿಯಾಗಿ ಉತ್ತರಿಸುತ್ತಾರೆ. ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿದರೆ ಒಬ್ಬ ಕಾರ್ಮಿಕನ ತಿಂಗಳ ಸಂಬಳವನ್ನೇ ನುಂಗಬಹುದು. ಹುಳುಕು ಚಿಕ್ಕದಿರುವಾಗ ತುಂಬಿಸುವುದಕ್ಕೆ ಅಷ್ಟಾಗುವುದಿಲ್ಲ. ಕಾದಷ್ಟೂ ಖರ್ಚು ಬೆಳೆಯುತ್ತದೆ. ಅಗ್ಗವೆಂದು ಪರವಾನಗಿ ಇಲ್ಲದವರ ಕೋಣೆಗೆ ಮಾತ್ರ ಹೋಗಬೇಡಿರಿ. ಸರಿಯಾಗಿ ಶುದ್ಧ ಮಾಡದ ಉಪಕರಣದಿಂದ ರಕ್ತದ ಮೂಲಕ ಹರಡುವ ರೋಗಗಳು ಬರಬಹುದು.

ಮತ್ತೊಂದು ಎಚ್ಚರಿಕೆ. ಊರಿನಿಂದ ನೋವಿನ ಮಾತ್ರೆಗಳನ್ನು ಕಟ್ಟಿಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ಟ್ರಮಡಾಲ್, ಕೋಡೀನ್ ಇರುವ ಔಷಧಿಗಳು ಸಂಯುಕ್ತ ಅರಬ್ ಎಮಿರೇಟ್‌ನಲ್ಲಿ ನಿಯಂತ್ರಿತ ಔಷಧಿಗಳು. ಮುಂಚಿತ ಅನುಮತಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಷ್ಟಕ್ಕೆ ಸಿಲುಕಬಹುದು. ಪಕ್ಕದ ಮನೆಯವರು “ನನ್ನ ಮಗನಿಗೆ ಕೊಡಿ” ಎಂದು ಕೊಟ್ಟ ಮಾತ್ರೆಯ ಪೊಟ್ಟಣವನ್ನೂ ನೋಡದೆ ಒಯ್ಯಬೇಡಿರಿ.

ಇಂಗ್ಲೆಂಡ್, ಐರ್ಲೆಂಡ್‌ನ ನರ್ಸುಗಳು ಮತ್ತು ವಿದ್ಯಾರ್ಥಿಗಳಿಗೆ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹಲ್ಲಿನ ಚಿಕಿತ್ಸೆಗೆ ಗೊತ್ತಾದ ದರಗಳಿವೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ತಪಾಸಣೆ ಅಥವಾ ತುರ್ತು ಚಿಕಿತ್ಸೆಗೆ 27.40 ಪೌಂಡ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30 ಪೌಂಡ್, ಕ್ಯಾಪ್ ಅಥವಾ ಹಲ್ಲಿನ ಸೆಟ್‌ಗೆ 326.70 ಪೌಂಡ್ ಇತ್ತು. ಒಂದೇ ಚಿಕಿತ್ಸಾ ಸರಣಿಯಲ್ಲಿ ಮೂರು ಹಲ್ಲು ತುಂಬಿಸಿದರೂ ದರ ಒಂದೇ. 18 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮತ್ತು ಹೆರಿಗೆಯಾಗಿ 12 ತಿಂಗಳೊಳಗಿನ ತಾಯಂದಿರಿಗೆ ಉಚಿತ. ಆದಾಯ ಕಡಿಮೆ ಇರುವವರು ಎಚ್‌ಸಿ1 ಎಂಬ ಅರ್ಜಿ ತುಂಬಿ ರಿಯಾಯಿತಿ ಕೇಳಬಹುದು. ಕಷ್ಟವೆಂದರೆ, ಹೊಸ ರೋಗಿಗಳನ್ನು ಈ ದರದಲ್ಲಿ ತೆಗೆದುಕೊಳ್ಳುವ ದಂತವೈದ್ಯರು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ನೋವು ಬರುವವರೆಗೆ ಕಾಯದೆ, ಮನೆ ಹುಡುಕುವಾಗಲೇ ದಂತವೈದ್ಯರನ್ನೂ ಹುಡುಕಿರಿ. ತುರ್ತಿದ್ದರೆ 111ಕ್ಕೆ ಕರೆಮಾಡಿರಿ.

ಐರ್ಲೆಂಡಿನಲ್ಲಿ ಸಂಬಳದಿಂದ ಪಿಆರ್‌ಎಸ್‌ಐ ವಂತಿಗೆ ಕಟ್ಟುವವರು, ಬೇಕಾದಷ್ಟು ವಾರಗಳ ವಂತಿಗೆ ಇದ್ದರೆ, ವರ್ಷಕ್ಕೊಮ್ಮೆ ಉಚಿತವಾಗಿ ಹಲ್ಲಿನ ತಪಾಸಣೆ ಮಾಡಿಸಿಕೊಳ್ಳಬಹುದು. ಹಲ್ಲು ಶುಚಿಗೊಳಿಸಲು 42 ಯೂರೋ ಸಹಾಯವೂ ಇದೆ. ತಾವೇ ಕಟ್ಟಿದ ಹಣದ ಸೌಲಭ್ಯವನ್ನು ನಮ್ಮ ಹೆಣ್ಣುಮಕ್ಕಳು ಪಡೆಯದೆ ಬಿಡಬಾರದು.

ಬಾಣಂತನಕ್ಕೆ ಹೋಗುವ ತಾಯಂದಿರಿಗೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಪ್ರವಾಸಿಗಳ ವಿಮೆಯಲ್ಲಿ ಹಲ್ಲಿಗೆ ಸಾಮಾನ್ಯವಾಗಿ ಸಿಗುವುದು ಹಠಾತ್ ನೋವಿನ ಶಮನಕ್ಕೆ ಒಂದು ಸಣ್ಣ ಮೊತ್ತ ಮಾತ್ರ. ಅಲ್ಲಿ ನೋವು ಬಂದರೆ ಎರಡು ದಾರಿಗಳಿವೆ. ಒಂದು, ವಿಶ್ವವಿದ್ಯಾನಿಲಯಗಳ ದಂತವೈದ್ಯ ಶಾಲೆಗಳ ಕ್ಲಿನಿಕ್. ಖಾಸಗಿಗಿಂತ ದರ ಕಡಿಮೆ. ಇನ್ನೊಂದು, ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ಸಮುದಾಯ ಆರೋಗ್ಯ ಕೇಂದ್ರಗಳು. ಆದಾಯಕ್ಕೆ ತಕ್ಕಂತೆ ಶುಲ್ಕ, ಹಲವು ಕಡೆ ಹಲ್ಲಿನ ವಿಭಾಗವೂ ಇದೆ. “ಮಗಳಿಗೆ ಖರ್ಚು ಬೇಡ” ಎಂದು ಲವಂಗದ ಎಣ್ಣೆ ಹಚ್ಚಿಕೊಂಡು ರಾತ್ರಿಯೆಲ್ಲ ಎಚ್ಚರವಿರುವ ಅಮ್ಮಂದಿರೇ, ದಯವಿಟ್ಟು ಹೇಳಿಬಿಡಿರಿ.

ರಜೆಯನ್ನು ಹೀಗೆ ಹೊಂದಿಸಿರಿ

ಊರಿಗೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯ ಉಪಾಯವೇ. ಆದರೆ ಮದುವೆ, ರೋಸ್, ಹಬ್ಬ ಎಲ್ಲ ಮುಗಿದ ಮೇಲಿನ ಕೊನೆಯ ವಾರಕ್ಕೆ ಅದನ್ನು ಇಡಬೇಡಿರಿ. ಮೊದಲ ವಾರದಲ್ಲೇ ತೋರಿಸಿರಿ. ರೂಟ್ ಕೆನಾಲ್‌ಗೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು, ಆಮೇಲೆ ಕ್ಯಾಪ್‌ಗೆ ಕೆಲವು ದಿನ ಬೇಕು. ಹಲ್ಲು ಕಿತ್ತ ಮೂರು ನಾಲ್ಕು ದಿನಗಳ ಮೇಲೆ ಆ ಗುಳಿಯಲ್ಲಿ ತೀವ್ರ ನೋವು ಕಾಣಿಸಿಕೊಳ್ಳುವುದುಂಟು. ವಿಮಾನದ ಹಿಂದಿನ ದಿನ ಕೀಳಿಸಿದರೆ ಅಂಥ ನೋವಿಗೆ ವೈದ್ಯರು ಎಲ್ಲಿ ಸಿಕ್ಕಾರು? ಇಂಪ್ಲಾಂಟ್ ಮಾಡಿಸುವವರಿಗೆ ಸಾಮಾನ್ಯವಾಗಿ ಎರಡು ರಜೆ ಬೇಕು. ತಿರುಪನ್ನು ಮೂಳೆಗೆ ಕೂರಿಸಿದ ಮೇಲೆ ಅದು ಬೆಸೆದುಕೊಳ್ಳಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಹತ್ತು ದಿನದಲ್ಲಿ ಬಾಯಿ ತುಂಬಾ ಹೊಸ ಹಲ್ಲು ಎಂಬ ಮಾತಿಗೆ ಮರುಳಾಗಿ ಒಳ್ಳೆಯ ಹಲ್ಲುಗಳನ್ನು ಅರೆಸಿಕೊಳ್ಳಬೇಡಿರಿ.

ಹಣದ ಲೆಕ್ಕ ಹಾಕಬಾರದ ಹೊತ್ತು

ಹಲ್ಲುನೋವಿನ ಜೊತೆ ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಜೀವಕ್ಕೆ ಅಪಾಯ. ಯಾವ ದೇಶವಾದರೂ ಸರಿ, ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿರಿ. ಸಕ್ಕರೆ ಕಾಯಿಲೆ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಕೈಯಲ್ಲಿ ಏನೂ ಇಲ್ಲದವರಿಗಾಗಿ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ತುರ್ತು ಚಿಕಿತ್ಸೆಗೆ ಅರ್ಹರಿಗೆ ಅದರಿಂದ ನೆರವು ಸಿಗುತ್ತದೆ. ನೋಯುವ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವುದು ಮಾತ್ರ ಬೇಡ. ಅದು ವಸಡನ್ನು ಸುಡುತ್ತದೆ.

ನಮ್ಮ ಪಾಲು

1880ರಲ್ಲಿ ಜರ್ಮನಿಯವರಾದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಹಂಚಲು ತೊಡಗಿದರು. ಪರದೇಶದಿಂದ ಬಂದವರೊಬ್ಬರು ನಮ್ಮ ಹಿರಿಯರ ನೋವನ್ನು ಕೇಳಿದರು. ಇಂದು ಪರದೇಶದಲ್ಲಿರುವ ನಮ್ಮವರ ನೋವನ್ನು ನಾವು ಕೇಳುವುದು ಬೇಡವೇ?

ಈ ಭಾನುವಾರ ಫೋನು ಮಾಡುವಾಗ “ಹಣ ಯಾವಾಗ ಕಳಿಸುತ್ತೀ” ಎನ್ನುವ ಮುನ್ನ “ಹಲ್ಲು ಹೇಗಿದೆ, ಅಗಿಯಲು ಆಗುತ್ತದಾ” ಎಂದು ಕೇಳಿರಿ. “ಈ ತಿಂಗಳು ಮನೆಗೆ ಸ್ವಲ್ಪ ಕಡಿಮೆ ಕಳಿಸು, ಮೊದಲು ಹಲ್ಲು ತೋರಿಸು” ಎಂದು ಹೇಳುವ ಧೈರ್ಯ ತಂದೆತಾಯಿಗಳಿಗೆ ಬರಲಿ. ಆ ಒಂದು ಮಾತು ಮಗನ ಮನಸ್ಸಿನ ಭಾರವನ್ನೂ ಇಳಿಸುತ್ತದೆ. ಅದು ಛತ್ರದವನ ಕೈಯಲ್ಲಿ ನಾವು ಇಡುವ ಎರಡು ನಾಣ್ಯ.

ಪ್ರಾರ್ಥಿಸೋಣ: ಕರುಣಾಮಯ ದೇವರೇ, ದೂರದಲ್ಲಿ ದುಡಿಯುವ ನಮ್ಮ ಮಕ್ಕಳ ಅಡಗಿದ ನೋವುಗಳನ್ನು ನೀವು ಬಲ್ಲಿರಿ. ಅವನ್ನು ಕೇಳುವ ಕಿವಿಯನ್ನು ನಮಗೂ, ಹೇಳಿಕೊಳ್ಳುವ ಧೈರ್ಯವನ್ನು ಅವರಿಗೂ ದಯಪಾಲಿಸಿರಿ. ಅವರಿಗೆ ಚಿಕಿತ್ಸೆ ಕೊಡುವ ವೈದ್ಯರ ಕೈಗಳನ್ನು ಆಶೀರ್ವದಿಸಿರಿ. ಸಂತ ಅಪೊಲೋನಿಯರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.